ಟೇಬಲ್ ಸಾ ಮಷಿನ್‌ಗೆ ಹೊಸ ಫೆನ್ಸ್: ಅಳೆದು ತೂಗಿ ತಂದ ನನ್ನ ಅನುಭವ

ಹಳೆಯ ಫೆನ್ಸ್ ಜೊತೆ ನಾನು ಏಳು ವರ್ಷ ಸಂಸಾರ ಮಾಡಿದೆ. ಹಲಗೆ ಸೀಳುವ ಮೊದಲು ಪ್ರತಿ ಸಲ ಅದೇ ರಗಳೆ. ಫೆನ್ಸ್ ಸರಿಸಬೇಕು, ಲಿವರ್ ಒತ್ತಬೇಕು. ಬ್ಲೇಡ್‌ನ ಮುಂದಿನ ಹಲ್ಲಿನಿಂದ ಒಮ್ಮೆ ಟೇಪ್ ಹಿಡಿಯಬೇಕು, ಹಿಂದಿನ ಹಲ್ಲಿನಿಂದ ಇನ್ನೊಮ್ಮೆ. ಎರಡೂ ತಾಳೆ ಆಗದಿದ್ದರೆ ಲಿವರ್ ಸಡಿಲಿಸಿ, ಫೆನ್ಸಿನ ಬಾಲಕ್ಕೆ ಅಂಗೈಯಿಂದ ಒಂದು ಏಟು ಕೊಟ್ಟು, ಮತ್ತೆ ಒತ್ತಬೇಕು. ಮೂರನೇ ಸಲಕ್ಕೆ ಸರಿ ಬಂದರೆ ಪುಣ್ಯ. ಹೀಗೆ ಇಪ್ಪತ್ತು ಪಟ್ಟಿ ಸೀಳುವ ಕೆಲಸ ಇದ್ದರೆ ಅರ್ಧ ಹೊತ್ತು ಅಳತೆಯಲ್ಲೇ ಹೋಗುತ್ತಿತ್ತು.

ಈ ಮಷಿನ್ ಬಳಸದವರಿಗೆ ಒಂದು ಮಾತು. ಟೇಬಲ್ ಸಾ ಅಂದರೆ ಮೇಜಿಗೆ ಕೂರಿಸಿದ ಗರಗಸ, ಮೇಜಿನ ಮಧ್ಯೆ ಬ್ಲೇಡ್ ತಿರುಗುತ್ತದೆ. ಅದರ ಪಕ್ಕದಲ್ಲಿ ಉದ್ದಕ್ಕೂ ನಿಲ್ಲುವ ಗೋಡೆಯೇ ಫೆನ್ಸ್. ಮರದ ಅಂಚನ್ನು ಅದಕ್ಕೆ ಒತ್ತಿ ಹಿಡಿದು ಮುಂದೆ ತಳ್ಳಿದರೆ ಒಂದೇ ಅಗಲದ ಪಟ್ಟಿ ಬರಬೇಕು. ಫೆನ್ಸ್ ಬ್ಲೇಡ್‌ಗೆ ಸಮಾಂತರವಾಗಿ ನಿಂತರೆ ಮಾತ್ರ ಅದು ಸಾಧ್ಯ. ಹಿಂದಿನ ತುದಿ ಬ್ಲೇಡ್ ಕಡೆ ಕೂದಲೆಳೆಯಷ್ಟು ವಾಲಿದರೂ ಮರ ಅಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಮೊದಲು ಅಂಚಿನಲ್ಲಿ ಕಂದು ಬಣ್ಣದ ಸುಟ್ಟ ಕಲೆ ಕಾಣುತ್ತದೆ. ಆಮೇಲೆ ಮಷಿನ್ ಮುಕ್ಕರಿಸುತ್ತದೆ. ಅದಕ್ಕೂ ಎಚ್ಚೆತ್ತುಕೊಳ್ಳದಿದ್ದರೆ ಮರ ನಮ್ಮ ಕಡೆಗೇ ಹಾರಿ ಬರುತ್ತದೆ.

ನಾನು ಎಚ್ಚೆತ್ತುಕೊಂಡಿರಲಿಲ್ಲ. ಒಂದು ಸಂಜೆ ಅರ್ಧ ಮೀಟರ್ ಉದ್ದದ ಹಲಗೆಯೊಂದನ್ನು ಸೀಳುತ್ತಿದ್ದೆ. ಇನ್ನೇನು ಮುಗಿಯಿತು ಅನ್ನುವಾಗ ಹಿಂದಿನ ಹಲ್ಲುಗಳು ಅದನ್ನು ಮೇಲೆತ್ತಿಕೊಂಡವು. ಟಪ್ ಅಂತ ಒಂದು ಸದ್ದು, ಅಷ್ಟೇ. ಹಲಗೆ ನನ್ನ ಬಲಗೈ ಪಕ್ಕದಿಂದ ಹಾದು ಹಿಂದಿನ ಬಾಗಿಲಿಗೆ ಬಡಿದಿತ್ತು. ಬಾಗಿಲಲ್ಲಿ ಹೆಬ್ಬೆರಳು ಇಡುವಷ್ಟು ಗುಳಿ. ಬ್ಲೇಡ್‌ನ ನೇರಕ್ಕೆ ನಿಲ್ಲದೆ ಸ್ವಲ್ಪ ಎಡಕ್ಕೆ ನಿಲ್ಲುವ ಅಭ್ಯಾಸ ಇದ್ದಿದ್ದರಿಂದ ಬಚಾವಾದೆ. 254 ಮಿ.ಮೀ. ಬ್ಲೇಡ್ ನಿಮಿಷಕ್ಕೆ 4000 ಸುತ್ತು ತಿರುಗಿದರೆ ಹಲ್ಲಿನ ತುದಿಯ ವೇಗ ಗಂಟೆಗೆ 190 ಕಿ.ಮೀ. ಹತ್ತಿರ ಆಗುತ್ತದೆ. ಆ ಲೆಕ್ಕ ನಾನು ಹಾಕಿದ್ದು ಅವತ್ತು ರಾತ್ರಿ, ನಿದ್ದೆ ಬಾರದೆ. ಸೀಳಿದ ಮರ ಬ್ಲೇಡ್‌ಗೆ ಒತ್ತದಂತೆ ಅದರ ಹಿಂದೆ ಇರಬೇಕಾದ ಸ್ಪ್ಲಿಟರ್ ಪಟ್ಟಿಯನ್ನು ಬೇರೆ ಯಾವುದೋ ಕೆಲಸಕ್ಕೆ ಬಿಚ್ಚಿದವನು ವಾಪಸ್ ಹಾಕಿರಲಿಲ್ಲ. ಆ ತಪ್ಪು ನನ್ನದೇ, ಫೆನ್ಸಿನದ್ದಲ್ಲ.

ಹೊಸ ಫೆನ್ಸ್ ಹುಡುಕುವ ಮೊದಲು ಒಂದು ಕೆಲಸ ಮಾಡಿದೆ. ಎಲ್ಲರೂ ಮಾಡಬೇಕು. ತಪ್ಪು ನಿಜವಾಗಿ ಯಾರದ್ದು ಅಂತ ನೋಡಿದೆ. ಬ್ಲೇಡೇ ಓರೆ ಇದ್ದರೆ ಎಂಥ ಫೆನ್ಸ್ ತಂದರೂ ದಂಡ ಅಲ್ವಾ? ಪ್ಲಗ್ ಕಿತ್ತು, ಬ್ಲೇಡ್‌ನ ಒಂದು ಹಲ್ಲಿಗೆ ಪೆನ್ನಿನಿಂದ ಗುರುತು ಹಾಕಿದೆ. ಮೇಜಿನ ಮೇಲೆ ಬ್ಲೇಡ್‌ನ ಪಕ್ಕ ಉದ್ದಕ್ಕೂ ಇರುವ ಕಾಲುವೆಯಂಥ ಮೈಟರ್ ಸ್ಲಾಟ್‌ನಿಂದ ಆ ಹಲ್ಲಿಗೆ ಇರುವ ದೂರವನ್ನು ಮುಂಭಾಗದಲ್ಲಿ ಅಳೆದೆ. ಬ್ಲೇಡ್ ತಿರುಗಿಸಿ ಅದೇ ಹಲ್ಲನ್ನು ಹಿಂದಕ್ಕೆ ತಂದು ಮತ್ತೆ ಅಳೆದೆ. ಅದೇ ಹಲ್ಲು ಅನ್ನೋದು ಮುಖ್ಯ, ಯಾಕೆಂದರೆ ಬ್ಲೇಡ್ ಸ್ವಲ್ಪ ಸೊಟ್ಟ ಇದ್ದರೂ ಆಗ ಅಳತೆ ಕೆಡುವುದಿಲ್ಲ. ನನ್ನ ಮಷಿನ್‌ನಲ್ಲಿ 0.15 ಮಿ.ಮೀ. ವ್ಯತ್ಯಾಸ ಇತ್ತು. ಅಡಿಯ ಬೋಲ್ಟ್ ಸಡಿಲಿಸಿ, ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಸರಿ ಮಾಡಿದೆ.

ಆಮೇಲೆ ಹಳೆಯ ಫೆನ್ಸಿನ ಪರೀಕ್ಷೆ. ಹತ್ತು ಸಲ ಸರಿಸಿ, ಹತ್ತು ಸಲ ಲಾಕ್ ಮಾಡಿ, ಸ್ಲಾಟ್‌ನಿಂದ ಮುಂದೆ ಮತ್ತು ಹಿಂದೆ ಅಳೆದು ಒಂದು ಪ್ಲೈವುಡ್ ಚೂರಿನ ಮೇಲೆ ಬರೆದುಕೊಂಡೆ. ಒಮ್ಮೆ 0.2 ಮಿ.ಮೀ. ಒಳಕ್ಕೆ, ಒಮ್ಮೆ 0.9 ಹೊರಕ್ಕೆ, ಮತ್ತೊಮ್ಮೆ 0.6 ಒಳಕ್ಕೆ. ಪ್ರತಿ ಸಲ ಅಷ್ಟೇ ತಪ್ಪು ಬಂದಿದ್ದರೆ ಸ್ಕ್ರೂ ತಿರುಗಿಸಿ ಸರಿಪಡಿಸಬಹುದಿತ್ತು. ಇದು ಮನಸ್ಸಿಗೆ ಬಂದ ಕಡೆ ನಿಲ್ಲುವ ಫೆನ್ಸ್. ಇದಕ್ಕೆ ಔಷಧಿ ಇಲ್ಲ.

ಯಾಕೆ ಹೀಗೆ ಅಂತ ಬಗ್ಗಿ ನೋಡಿದಾಗ ವಿಷಯ ಸರಳವಾಗಿತ್ತು. ಫೆನ್ಸ್ ಜಾರುವುದು ಮೇಜಿನ ಮುಂದಿನ ಅಂಚಿನ ಹಳಿಯ ಮೇಲೆ. ಆ ಹಳಿಯನ್ನು ಹಿಡಿಯುವ ಅದರ ತಲೆ ಬರೀ 100 ಮಿ.ಮೀ. ಅಗಲ. ಫೆನ್ಸಿನ ಉದ್ದ ಸುಮಾರು 700. ತಲೆಯಲ್ಲಿ 0.1 ಮಿ.ಮೀ. ಸಡಿಲ ಇದ್ದರೆ ಬಾಲದಲ್ಲಿ ಅದು ಏಳು ಪಟ್ಟು, ಅಂದರೆ 0.7 ಆಗುತ್ತದೆ. ತಲೆ 300 ಮಿ.ಮೀ. ಅಗಲ ಇದ್ದಿದ್ದರೆ ಅದೇ ಸಡಿಲ ಬಾಲದಲ್ಲಿ 0.25ಕ್ಕಿಂತ ಕಡಿಮೆ ಇರುತ್ತಿತ್ತು. ಸಾಲದ್ದಕ್ಕೆ ನನ್ನ ಫೆನ್ಸ್ ಮುಂದೂ ಹಿಂದೂ ಎರಡೂ ಕಡೆ ಲಾಕ್ ಆಗುವಂಥದ್ದು. ಕೇಳೋಕೆ ಗಟ್ಟಿ ಅನಿಸುತ್ತದೆ. ಆದರೆ ಹಿಂದಿನ ಕೊಕ್ಕೆ ಒಂದು ಕ್ಷಣ ಮೊದಲು ಹಿಡಿದರೆ ಫೆನ್ಸ್ ಓರೆಯಾಗಿಯೇ ಬಿಗಿಯಾಗಿಬಿಡುತ್ತದೆ.

ಈ ಲೆಕ್ಕ ತಲೆಗೆ ಹೊಕ್ಕ ಮೇಲೆ ಆಯ್ಕೆ ಅರ್ಧ ಆದ ಹಾಗೆಯೇ. ಸ್ಕೇಲ್ ಎಷ್ಟು ಚೆಂದ, ಬಣ್ಣ ಯಾವುದು, ಎಷ್ಟು ಸೊನ್ನೆ ಹಾಕಿ ನಿಖರತೆ ಬರೆದಿದ್ದಾರೆ ಅನ್ನೋದನ್ನೆಲ್ಲ ಬಿಟ್ಟೆ. ಒಂದೇ ಕೈಯಿಂದ ಸರಿಸಿ ಲಿವರ್ ಒತ್ತಿದಾಗ ಅದು ತಾನಾಗಿಯೇ ಸಮಾಂತರಕ್ಕೆ ಬರುತ್ತದೆಯೇ? ಇದೊಂದನ್ನೇ ನೋಡುತ್ತಾ ಹೋದೆ.

ಗೆಳೆಯರ ವರ್ಕ್‌ಶಾಪ್‌ಗಳಿಗೆ ಹೋಗಿ ನಾಲ್ಕು ಬಗೆ ಕೈಯಾರೆ ನೋಡಿದೆ. ಜೇಬಲ್ಲಿ ಸಂದಿ ಅಳೆಯುವ ಫೀಲರ್ ಗೇಜ್, ಕೈಯಲ್ಲಿ ಕೂದಲೆಳೆ ವ್ಯತ್ಯಾಸವನ್ನೂ ಮುಳ್ಳಿನಿಂದ ತೋರಿಸುವ ಡಯಲ್ ಗೇಜ್. ಬೀಸ್‌ಮಯರ್ ಹೆಸರಿನಿಂದ ಪ್ರಸಿದ್ಧವಾದ ಟಿ-ಸ್ಕ್ವೇರ್ ಬಗೆ ಮೊದಲನೆಯದು. ಮುಂದೆ ಚೌಕ ಉಕ್ಕಿನ ಕೊಳವೆಯ ಹಳಿ, ಅದರ ಮೇಲೆ ಇಂಗ್ಲಿಷಿನ ಟಿ ಅಕ್ಷರದ ಆಕಾರದ ಭಾರವಾದ ಫೆನ್ಸ್. ಅಗಲವಾದ ತಲೆಯಲ್ಲಿ ಎರಡು ಪ್ಯಾಡ್. ಲಿವರ್ ಒತ್ತಿದರೆ ಅದರ ಬುಡದ ಉಬ್ಬು, ಅಂದರೆ ಕ್ಯಾಮ್, ಹಳಿಯನ್ನು ಆ ಎರಡೂ ಪ್ಯಾಡ್‌ಗಳಿಗೆ ಎಳೆದು ಹಿಡಿಯುತ್ತದೆ. ಹಿಂದೆ ಲಾಕೇ ಇಲ್ಲ, ಬಾಲ ಸುಮ್ನೆ ಕೂತಿರುತ್ತದೆ. ಡೆಲ್ಟಾ ಕಂಪನಿಯ ಯೂನಿಫೆನ್ಸ್ ಬೇರೆ ರೀತಿ. ಅದರ ಅಲ್ಯೂಮಿನಿಯಂ ಪಟ್ಟಿಯನ್ನು ಹಿಂದೆ ಮುಂದೆ ಜಾರಿಸಬಹುದು, ಮಲಗಿಸಿ ಗಿಡ್ಡ ಮಾಡಿಕೊಳ್ಳಲೂಬಹುದು. ಅದು ನನಗೆ ತುಂಬಾ ಹಿಡಿಸಿತು. ವೇಗಾ ಕಂಪನಿಯದರಲ್ಲಿ ಗುಂಡು ಕೊಳವೆಯ ಹಳಿ, ಕೂದಲೆಳೆಯಷ್ಟು ಸರಿಸಲು ಒಂದು ತಿರುಪು. ಇಂಕ್ರಾ ಕಂಪನಿಯದರಲ್ಲಿ ಇಂಚಿನ 32ನೇ ಒಂದು ಭಾಗದ ಮೆಟ್ಟಿಲುಗಳಲ್ಲಿ ಟಕ್ ಟಕ್ ಅಂತ ಕೂರುವ ವ್ಯವಸ್ಥೆ. ಸಣ್ಣ ಪೆಟ್ಟಿಗೆ, ಸೇರುವೆ ಕೆಲಸ ಜಾಸ್ತಿ ಮಾಡುವವರಿಗೆ ಅದು ಬಂಗಾರ. ಆದರೆ ಬಲಕ್ಕೆ ಬಹಳ ಜಾಗ ಬೇಡುತ್ತದೆ, ಹಲಗೆ ಸೀಳುವ ನನ್ನಂಥವನಿಗೆ ಅಷ್ಟೆಲ್ಲ ಬೇಕಿಲ್ಲ.

ಟಿ-ಸ್ಕ್ವೇರ್ ಮೇಲೆ ಹತ್ತು ಸಲದ ಪರೀಕ್ಷೆ ಮಾಡಿದಾಗ ಹತ್ತರಲ್ಲಿ ಒಂಬತ್ತು 0.05 ಮಿ.ಮೀ. ಒಳಗೆ ಬಂದವು. ಹತ್ತನೆಯದು ಹಳಿಯ ಮೇಲೆ ಬಿದ್ದಿದ್ದ ಹೊಟ್ಟಿನ ತಪ್ಪು. ಒರೆಸಿದ ಮೇಲೆ ಅದೂ ಸರಿಯಾಯಿತು. ಬಾಲವನ್ನು ಬೆರಳಿನಿಂದ ಪಕ್ಕಕ್ಕೆ ತಳ್ಳಿದರೆ ಡಯಲ್ ಮುಳ್ಳು ಸ್ವಲ್ಪ ಆಡಿತು. ಅದು ಸಹಜ. ಕೈ ತೆಗೆದಾಗ ಮುಳ್ಳು ಇದ್ದಲ್ಲಿಗೇ ಬರುತ್ತದಾ ಅನ್ನೋದು ನೋಡಬೇಕಾದ ವಿಷಯ. ಬಂತು. ಅಲ್ಲಿಗೆ ಮನಸ್ಸು ಗಟ್ಟಿಯಾಯಿತು.

ಉದ್ದದ ವಿಷಯದಲ್ಲಿ ಮಾತ್ರ ವಾರಗಟ್ಟಲೆ ತಲೆ ಕೆಡಿಸಿಕೊಂಡೆ. ಬ್ಲೇಡ್‌ನಿಂದ ಬಲಕ್ಕೆ 30 ಇಂಚು ಸರಿಯುವುದೋ, 52 ಇಂಚಿನದೋ? ಕಣ್ಣು 52ರ ಮೇಲೇ ಇತ್ತು. ಕೊನೆಗೆ ಹಿಂದಿನ ವರ್ಷ ಸೀಳಿದ್ದನ್ನೆಲ್ಲ ನೆನಪು ಮಾಡಿಕೊಂಡೆ. 1220 ಮಿ.ಮೀ. ಅಗಲದ ಪ್ಲೈವುಡ್ ಹಾಳೆಯನ್ನು ಸರಿಯಾಗಿ ಅರ್ಧ ಮಾಡಿದರೆ 610. 30 ಇಂಚು ಅಂದರೆ 760 ಮಿ.ಮೀ. ಅದಕ್ಕಿಂತ ಅಗಲದ್ದು ನಾನು ಸೀಳಿದ್ದು ಎರಡೇ ಸಲ, ಅದೂ ನೆಲದ ಮೇಲೆ ಹಾಳೆ ಹಾಸಿ ಕೈಯಲ್ಲಿ ಹಿಡಿದು ಓಡಿಸುವ ಗರಗಸದ ಮಷಿನ್‌ನಲ್ಲಿ. ಎರಡು ಸಲದ ಕೆಲಸಕ್ಕಾಗಿ ವರ್ಷಪೂರ್ತಿ ಉದ್ದದ ಹಳಿಗೆ ಸೊಂಟ ಬಡಿಸಿಕೊಳ್ಳೋದು ಯಾಕೆ? ಉದ್ದ ಹಳಿಗೆ ಬಲತುದಿಯಲ್ಲಿ ಕಾಲು ಕೊಡಬೇಕು, ಮೇಜನ್ನೂ ಅಲ್ಲಿಯವರೆಗೆ ಬೆಳೆಸಬೇಕು. 30 ಇಂಚು ಸಾಕು ಅಂದುಕೊಂಡೆ.

ಎಡಕ್ಕೆ ಎಷ್ಟು ಬೇಕು ಅಂತ ಬಹಳ ಜನ ಕೇಳಿಕೊಳ್ಳುವುದೇ ಇಲ್ಲ. ನನ್ನ ಮಷಿನ್‌ನ ಬ್ಲೇಡ್ ಬಲಕ್ಕೆ ವಾಲುತ್ತದೆ. ಓರೆಯಾಗಿ ಸೀಳುವಾಗ ಫೆನ್ಸ್ ಬಲಗಡೆ ಇದ್ದರೆ ವಾಲಿದ ಬ್ಲೇಡ್ ಮತ್ತು ಫೆನ್ಸ್ ನಡುವೆ ಮರ ಸಿಕ್ಕಿಬೀಳುತ್ತದೆ. ಅದಕ್ಕೆ ಫೆನ್ಸನ್ನು ಎಡಕ್ಕೆ ತರಲೇಬೇಕು. ಹಳಿ ಎಡಗಡೆಗೂ ಒಂದಡಿ ಚಾಚಿರಬೇಕು ಅಂತ ಮೊದಲೇ ಬರೆದಿಟ್ಟುಕೊಂಡೆ.

ಇಷ್ಟೆಲ್ಲ ಯೋಚಿಸಿಯೂ ಮೊದಲ ಸಲ ಮೋಸ ಹೋದೆ. "ಎಲ್ಲ ಮಷಿನ್‌ಗೂ ಕೂರುತ್ತದೆ" ಅಂದ ಮಾರಾಟಗಾರನ ಮಾತು ನಂಬಿ, ತೂತು ಕೊರೆದೇ ಬರುವ ಹಳಿ ತರಿಸಿದೆ. ಆ ತೂತುಗಳಿಗೆ ಬೋಲ್ಟ್ ಹಾಕಿದರೆ ಹಳಿಯನ್ನು ಹೊರುವ ಮುಂದಿನ ಆಂಗಲ್ ಪಟ್ಟಿಯ ಮೇಲಂಚು ಮೇಜಿಗಿಂತ 4 ಮಿ.ಮೀ. ಮಾತ್ರ ಕೆಳಗೆ ನಿಂತಿತು. ಮೈಟರ್ ಸ್ಲಾಟ್ ಸುಮಾರು 9.5 ಮಿ.ಮೀ. ಆಳ. ಅಂದರೆ ಸ್ಲಾಟ್‌ನ ಬಾಯಿಗೆ ಅರ್ಧ ಗೋಡೆ ಕಟ್ಟಿದ ಹಾಗೆ. ಮರವನ್ನು ಅಡ್ಡ ಕತ್ತರಿಸುವಾಗ ಆ ಸ್ಲಾಟ್‌ನಲ್ಲಿ ಜಾರಬೇಕಾದ ಮೈಟರ್ ಗೇಜ್‌ನ ಪಟ್ಟಿ ಒಳಗೆ ಹೋಗಲೇ ಇಲ್ಲ. ವಾಪಸ್ ಕಳಿಸಿದೆ, ಸಾಗಿಸಿದ ಖರ್ಚು ನನ್ನ ತಲೆಗೇ ಬಂತು. ಎರಡನೇ ಸಲ ತೂತಿಲ್ಲದ ಬೋಳು ಹಳಿಯನ್ನೇ ಕೇಳಿ ತರಿಸಿದೆ.

ಕೂರಿಸಲು ಒಂದು ಇಡೀ ಭಾನುವಾರ ಹಿಡಿಯಿತು. ಆಂಗಲ್ ಪಟ್ಟಿಯನ್ನು ಮೇಜಿನ ಅಂಚಿಗೆ ಎರಡು ಕ್ಲ್ಯಾಂಪ್‌ನಿಂದ ಹಿಡಿಸಿ, ಮೂಲೆಮಟ್ಟದ ಅಲಗನ್ನು 12 ಮಿ.ಮೀ.ಗೆ ಬಿಗಿದು, ಎಡ ತುದಿಯಿಂದ ಬಲ ತುದಿವರೆಗೆ ಅದೇ ಆಳ ಬರುವ ತನಕ ತಟ್ಟಿದೆ. ಮೇಜಿನ ಹಳೇ ತೂತುಗಳ ಗುರುತನ್ನು ಹಿಂದಿನಿಂದ ಪಟ್ಟಿಗೆ ಎತ್ತಿಕೊಂಡೆ. 8 ಮಿ.ಮೀ. ಬೋಲ್ಟ್‌ಗೆ ಪಟ್ಟಿಯಲ್ಲಿ 9.5ರ ತೂತು ಕೊರೆದೆ. ಆಮೇಲೆ ಮೇಲೆ ಕೆಳಗೆ ಅಲ್ಪಸ್ವಲ್ಪ ಸರಿಸಲು ಜಾಗ ಬೇಕೇ ಬೇಕು.

ಒಂದು ತೂತು ಮಾತ್ರ ಮೇಜಿನಲ್ಲೇ ಹೊಸದಾಗಿ ಕೊರೆಯಬೇಕಾಯಿತು. ಬೀಡುಕಬ್ಬಿಣ ಅಂತ ಹೆದರಿದ್ದೆ. ಆದರೆ ಅದು ಬೆಣ್ಣೆಯ ಹಾಗೆ ಕೊರೆಯಿತು. ಉಕ್ಕಿನಂತೆ ಸುರುಳಿ ಬರುವುದಿಲ್ಲ, ಕಾಡಿಗೆಯಂಥ ಕಪ್ಪು ಪುಡಿ ಉದುರುತ್ತದೆ. ಅದರಲ್ಲಿ ಗ್ರಾಫೈಟ್ ಇರುವುದರಿಂದ ಎಣ್ಣೆಯೂ ಬೇಕಿಲ್ಲ, ನಿಧಾನಕ್ಕೆ ತಿರುಗಿಸಿದರೆ ಸಾಕು. ಬೆರಳ ಸಂದಿಯ ಕಪ್ಪು ಎರಡು ದಿನ ಹೋಗಲಿಲ್ಲ. ಕೊರೆದಾದ ಮೇಲೆ ಅಡಿಯಲ್ಲಿ ಕೈ ಹಾಕಿ ನೋಡಿದರೆ ತೂತಿಗೆ ಅಂಟಿಕೊಂಡೇ ಮೇಜಿನ ಏಣು, ನಟ್ ಕೂರಲು ಜಾಗವೇ ಇಲ್ಲ! ಪುಣ್ಯಕ್ಕೆ ಮೊದಲ ಡ್ರಿಲ್ 6.8 ಮಿ.ಮೀ. ಇತ್ತು. ಅದನ್ನು ದೊಡ್ಡದು ಮಾಡದೆ ಎಂ8 ಟ್ಯಾಪ್‌ನಿಂದ ಒಳಗೆ ಮರೆ ಕೊರೆದು, ಬೋಲ್ಟನ್ನು ಮೇಜಿಗೇ ನೇರ ತಿರುಗಿಸಿದೆ. ಕೊರೆಯುವ ಮೊದಲೇ ಅಡಿಗೆ ಕೈ ಹಾಕಿ ನೋಡಿ.

ಸಮಾಂತರಕ್ಕೆ ತರಲು ತಲೆಯ ಪ್ಯಾಡ್‌ಗಳ ಹಿಂದೆ ಎರಡು ಸ್ಕ್ರೂ ಇವೆ. ಫೆನ್ಸನ್ನು ಮೈಟರ್ ಸ್ಲಾಟ್‌ನ ಅಂಚಿಗೆ ತಂದು ಲಾಕ್ ಮಾಡಿ, ಉದ್ದಕ್ಕೂ ಬೆರಳಾಡಿಸಿದೆ. ಬೆರಳಿಗೆ ಆಶ್ಚರ್ಯ ಆಗುವಷ್ಟು ಗೊತ್ತಾಗುತ್ತದೆ. ಬಾಕಿ ಇದ್ದದ್ದನ್ನು ಡಯಲ್ ಗೇಜ್ ಹೇಳಿತು. ಹಿಂದಿನ ತುದಿಯನ್ನು 0.05 ಮಿ.ಮೀ.ನಷ್ಟು ಬ್ಲೇಡ್‌ನಿಂದ ಆಚೆಗೆ ಬಿಟ್ಟೆ. ಪೂರ್ತಿ ಸಮಾಂತರವೇ ಇರಬೇಕು ಅನ್ನುವವರಿದ್ದಾರೆ. ಆ ಬಾಗಿಲ ಗುಳಿ ನೋಡಿದವನು ನಾನು, ಆಚೆಗೇ ಇರಲಿ.

ಆದರೂ ಮೊದಲ ಸೀಳು ಚೆನ್ನಾಗಿ ಬರಲಿಲ್ಲ. ಮರ ಮಧ್ಯದಲ್ಲಿ ತುಸು ಬಿಗಿಯಾಗಿ ಆಮೇಲೆ ಸಡಿಲವಾಗುತ್ತಿತ್ತು. ಉದ್ದದ ನೇರಪಟ್ಟಿ ಇಟ್ಟು ನೋಡಿದರೆ ಫೆನ್ಸಿನ ಪ್ಲೈವುಡ್ ಮುಖಕ್ಕೆ ಮಧ್ಯದಲ್ಲಿ 0.4 ಮಿ.ಮೀ. ಹೊಟ್ಟೆ. ಮುಖ ಬಿಚ್ಚಿ, ಎರಡು ತುದಿಯ ಸ್ಕ್ರೂಗಳ ಹತ್ತಿರ ಕಾಗದದ ಚೂರು ಮಡಚಿ ಇಟ್ಟೆ. ಮಾಮೂಲಿ ಬರೆಯುವ ಕಾಗದ ಒಂದು ಪದರ ಸುಮಾರು 0.1 ಮಿ.ಮೀ. ನಾಲ್ಕು ಪದರಕ್ಕೆ ಹೊಟ್ಟೆ ಇಳಿಯಿತು. ದುಬಾರಿ ಫೆನ್ಸಿನೊಳಗೆ ಹಳೇ ನೋಟ್‌ಬುಕ್ಕಿನ ಹಾಳೆ ಕೂತಿದೆ ಅಂತ ನೋಡಿದವರಿಗೆ ಗೊತ್ತಾಗುವುದಿಲ್ಲ.

ಸ್ಕೇಲಿನ ಮುಳ್ಳನ್ನು ಕೊನೆಯಲ್ಲಿ ಹೊಂದಿಸಿದೆ. ಒಂದು ಚೂರು ಸೀಳಿ, ಕ್ಯಾಲಿಪರ್‌ನಿಂದ ಅಳೆದು, ಆ ಸಂಖ್ಯೆಗೆ ಮುಳ್ಳು ತಂದು ಬಿಗಿದೆ. ತೆಳು ಬ್ಲೇಡ್ ಹಾಕಿದ ದಿನ ಈ ಲೆಕ್ಕ ತುಸು ಸರಿಯುತ್ತದೆ, ಮತ್ತೆ ನೋಡಿಕೊಳ್ಳಬೇಕು.

ಯೂನಿಫೆನ್ಸ್‌ನಲ್ಲಿ ನೋಡಿದ ಗಿಡ್ಡ ಫೆನ್ಸಿನ ಆಸೆ ಮಾತ್ರ ಬಿಟ್ಟಿರಲಿಲ್ಲ. ಇಡೀ ಮರ, ಅಂದರೆ ಪ್ಲೈವುಡ್ ಅಲ್ಲದ ಅಸಲಿ ಮರದ ಹಲಗೆ, ಸೀಳಿದಾಗ ಒಳಗಿನ ಬಿಗುವು ಬಿಚ್ಚಿಕೊಂಡು ಪಟ್ಟಿ ಬಾಗುತ್ತದೆ. ಫೆನ್ಸ್ ಉದ್ದಕ್ಕೂ ಇದ್ದರೆ ಬಾಗಿದ ಪಟ್ಟಿಗೆ ಸರಿಯಲು ಜಾಗ ಇರುವುದಿಲ್ಲ, ಬ್ಲೇಡ್‌ಗೇ ಒತ್ತುತ್ತದೆ. ಅದಕ್ಕೆ ಬ್ಲೇಡ್‌ನ ನಡುಭಾಗದವರೆಗೆ ಮಾತ್ರ ಬಂದು ಮುಗಿಯುವಂಥ ಒಂದು ಮರದ ಮುಖ ಮಾಡಿಕೊಂಡೆ. ಇಡೀ ಮರಕ್ಕೆ ಅದನ್ನು ಕ್ಲ್ಯಾಂಪ್ ಮಾಡುತ್ತೇನೆ, ಪ್ಲೈವುಡ್‌ಗೆ ತೆಗೆಯುತ್ತೇನೆ. ಆಗ ಸ್ಕೇಲ್ ಓದಲು ಆಗುವುದಿಲ್ಲ, ಟೇಪೇ ಗತಿ. ಸ್ಪ್ಲಿಟರ್ ಈಗ ಸದಾ ಅದರ ಜಾಗದಲ್ಲೇ ಇದೆ.

ಹಳೆಯ ಫೆನ್ಸನ್ನು ಎಸೆಯಲಿಲ್ಲ. ತಲೆ ಕತ್ತರಿಸಿ, ಅಲ್ಯೂಮಿನಿಯಂ ಪಟ್ಟಿಯನ್ನು ಡ್ರಿಲ್ ಪ್ರೆಸ್‌ನ ಮೇಜಿಗೆ ಬಿಗಿದಿದ್ದೇನೆ. ಅಲ್ಲಿ ಅದು ಯಾವುದಕ್ಕೂ ಸಮಾಂತರ ಇರಬೇಕಾಗಿಲ್ಲ.