ಕಿಲ್ಲೆ ಕಟ್ಟಿದ ಕೈಗೆ ಪುಟ್ಟ ರೈಲಿನ ಗುಡ್ಡ ಏನು ಮಹಾ?

ದೀಪಾವಳಿಗೆ ಮುಂಚೆ ಬೆಳಗಾವಿಯ ಗಲ್ಲಿಗಳಲ್ಲಿ ಒಂದು ಸುತ್ತು ಹಾಕಿ. ಹುಡುಗರ ಕೈ ಮೊಣಕೈತನಕ ಮಣ್ಣಾಗಿರುತ್ತದೆ. ಕಲ್ಲು ಒಟ್ಟುತ್ತಾರೆ, ಗೋಣಿಚೀಲವನ್ನು ಕೆಸರಿನಲ್ಲಿ ಅದ್ದಿ ಅದರ ಮೇಲೆ ಹೊದಿಸುತ್ತಾರೆ, ಬುರುಜು ಮೆತ್ತುತ್ತಾರೆ, ಹಸಿರು ಬರಲಿ ಅಂತ ಸಾಸಿವೆ ಚೆಲ್ಲುತ್ತಾರೆ, ಕೊನೆಗೆ ತುದಿಯಲ್ಲಿ ಶಿವಾಜಿ ಮಹಾರಾಜರನ್ನು ಕೂರಿಸುತ್ತಾರೆ. ಮಣ್ಣಿನ ಆಟದ ಕೋಟೆ, ಕಿಲ್ಲೆ ಅಂತೀವಲ್ಲ, ಅದು. ನಾನೂ ಕಟ್ಟಿದವನೇ. ನಲವತ್ತು ದಾಟಿದ ಮೇಲೆ ಮನೆಯಲ್ಲಿ ಒಂದು ಮಾಡೆಲ್ ರೈಲು ಇಟ್ಟುಕೊಂಡು, ಅದರ ಸುತ್ತ ಗುಡ್ಡ, ಹೊಲ, ಸ್ಟೇಷನ್ನು ಮಾಡಲು ಕೂತಾಗ ಗೊತ್ತಾಯಿತು, ಇದರಲ್ಲಿ ಮುಕ್ಕಾಲು ಪಾಲು ಕಿಲ್ಲೆಯದೇ ಕೆಲಸ. ಗೋಣಿಚೀಲದ ಬದಲು ಪೇಪರು, ಕೆಸರಿನ ಬದಲು ಪ್ಲಾಸ್ಟರ್, ಅಷ್ಟೆ.

ಹಾಗಾಗಿ ದುಬಾರಿ ಸಾಮಾನು ತರಿಸುವ ಮೊದಲು ಇದನ್ನು ಓದಿ.

ಮೊದಲು ಜಾಗ ಮತ್ತು ತಿಂಗಳು ಗೊತ್ತುಮಾಡಿ

ಹೊರದೇಶದ ಡಬ್ಬಿಗಳಲ್ಲಿ ಬರುವ ಹುಲ್ಲಿನ ಪುಡಿ ಒಂದೇ ಸಮ ಹಸಿರು. ಆ ಹಸಿರು ನಮ್ಮಲ್ಲಿ ಮಳೆಗಾಲದ ಎರಡು ಮೂರು ತಿಂಗಳು ಇರುತ್ತದೆ, ಆಮೇಲೆ ಎಲ್ಲಾ ಒಣ ಹುಲ್ಲು, ಕೂಳೆ, ಧೂಳು. ಅದನ್ನು ಇಡೀ ಹಲಗೆಗೆ ಸುರಿದರೆ ಸ್ವಿಟ್ಜರ್ಲೆಂಡಿನ ಕ್ಯಾಲೆಂಡರ್ ಆಗುತ್ತದೆ, ಅದರ ಮೇಲೆ ನಮ್ಮ ಗೂಡ್ಸ್ ಗಾಡಿ ಓಡಿದರೆ ನೆಂಟರ ಮನೆಗೆ ತಪ್ಪಿ ಬಂದಂತೆ ಕಾಣುತ್ತದೆ. ಬೆಳಗಾವಿಯವರಿಗೆ ಒಂದು ಅನುಕೂಲ ಇದೆ. ಖಾನಾಪುರದ ಕಡೆ ಹೋದರೆ ಕೆಂಪು ಮಣ್ಣು, ಜಂಬಿಟ್ಟಿಗೆ ಕಲ್ಲು, ಭತ್ತದ ಗದ್ದೆ, ಮುಂದೆ ಲೋಂಡಾ ದಾಟಿದರೆ ದಟ್ಟ ಕಾಡು. ಗೋಕಾಕದ ಕಡೆ ಹೊರಟರೆ ಎರೆ ಮಣ್ಣು, ಕಬ್ಬು, ಜಾಲಿ. ಎರಡರಲ್ಲಿ ಒಂದನ್ನು ಹಿಡಿಯಿರಿ, ಜೊತೆಗೆ ಒಂದು ತಿಂಗಳನ್ನೂ ಹಿಡಿಯಿರಿ. ನನ್ನದು ಜನವರಿ ತಿಂಗಳ ಖಾನಾಪುರದ ಕಡೆಯ ಸಣ್ಣ ಸ್ಟೇಷನ್: ಭತ್ತ ಕೊಯ್ದಾಗಿದೆ, ಬದುವಿನ ಹುಲ್ಲು ಒಣಗಿದೆ, ಕಬ್ಬು ಮಾತ್ರ ನಿಂತಿದೆ.

ಆಮೇಲೆ ಹೋಗಿ ನೋಡಿ. ನಾನು ಟಿಳಕವಾಡಿಯ ರೈಲ್ವೆ ಗೇಟಿನಲ್ಲಿ ಗಾಡಿ ಬರುವತನಕ ಕಾಯುತ್ತಾ ಕಲಿತದ್ದು ಯಾವ ವಿಡಿಯೊದಲ್ಲೂ ಕಲಿತಿಲ್ಲ. ಹಳಿಯ ಮೇಲ್ಭಾಗ ಮಾತ್ರ ಹೊಳೆಯುತ್ತದೆ, ಪಕ್ಕಗಳು ತುಕ್ಕಿನ ಕಂದು. ಎರಡು ಹಳಿಗಳ ನಡುವಿನ ಖಡಿಗೆ, ಅಂದರೆ ಜಲ್ಲಿಕಲ್ಲಿಗೆ, ಎಣ್ಣೆಯ ಕಪ್ಪು ಕಲೆ ಬಿದ್ದಿರುತ್ತದೆ. ಗೇಟಿನ ಹತ್ತಿರ ಖಡಿಯಲ್ಲಿ ಕೆಂಪು ಧೂಳು ಬೆರೆತಿರುತ್ತದೆ. ಇದನ್ನೆಲ್ಲ ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ, ಆದರೆ ಗೇಟಿನ ಹೊರಗೆ ನಿಂತು.

ಅಳತೆ: 87ರ ಮಗ್ಗಿ

ಹೆಚ್ಚು ಜನ ಬಳಸುವುದು ಎಚ್‌ಓ ಅಳತೆ, ಅಂದರೆ ನಿಜವಾದದ್ದನ್ನು 87ರಿಂದ ಭಾಗಿಸಬೇಕು. ಇದರಲ್ಲಿ ಎರಡು ಹಳಿಗಳ ನಡುವಿನ ಅಂತರ 16.5 ಮಿ.ಮೀ. ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ., ಲೆಕ್ಕಕ್ಕೆ 19 ಮಿ.ಮೀ. ದಾಟಬೇಕಿತ್ತು, ಹಳೇ ಮೀಟರ್‌ಗೇಜ್ ಆದರೆ ಹನ್ನೊಂದೂವರೆ. ಮಾಡೆಲ್ ಹಳಿ ಎರಡಕ್ಕೂ ಸೇರದೆ ನಡುವೆ ಕೂತಿದೆ. ತಲೆ ಕೆಡಿಸಿಕೊಳ್ಳಬೇಡಿ, ಯಾರೂ ಅಳೆಯುವುದಿಲ್ಲ. ಜಾಗ ಬಹಳ ಕಡಿಮೆ ಇದ್ದರೆ 1:160ರ ಎನ್ ಅಳತೆ ನೋಡಿ, ಅದರ ಹಳಿ 9 ಮಿ.ಮೀ. ಮಾತ್ರ, 2 ಅಡಿಗೆ 4 ಅಡಿ ಹಲಗೆಯಲ್ಲಿ ಸುತ್ತು ಕೂರುತ್ತದೆ. ನನ್ನದು ಎಚ್‌ಓ, 3 ಅಡಿಗೆ 5 ಅಡಿ ಪ್ಲೈವುಡ್.

ಆದರೆ ಉಳಿದ ವಸ್ತುಗಳ ಅಳತೆ ತಪ್ಪಿದರೆ ಕಣ್ಣಿಗೆ ತಟ್ಟನೆ ಹೊಡೆಯುತ್ತದೆ. ಐದೂವರೆ ಅಡಿ ಮನುಷ್ಯ 1.9 ಸೆಂ.ಮೀ., ಏಳಡಿ ಬಾಗಿಲು ಎರಡೂವರೆ ಸೆಂ.ಮೀ. ಹೊಸಬರೆಲ್ಲ ಮಾಡುವ ತಪ್ಪು ಮರದ್ದು. ಹೆಬ್ಬೆರಳಿನಷ್ಟು ಮರ ಮಾಡಿ ನಿಲ್ಲಿಸುತ್ತಾರೆ, ಅದು ಲೆಕ್ಕಕ್ಕೆ ಕರಿಬೇವಿನ ಗಿಡ. ನಲವತ್ತು ಅಡಿ ಮಾವಿನ ಮರ 14 ಸೆಂ.ಮೀ. ಬರಬೇಕು, ಅಂದರೆ ಅರ್ಧ ಗೇಣಿಗಿಂತ ಸ್ವಲ್ಪ ಜಾಸ್ತಿ. ನನ್ನ ಅಕ್ಕನ ಮಗ ಕಿಲ್ಲೆಯ ಮೇಲಿನ ಮಣ್ಣಿನ ಮಾವಳೆಯನ್ನು, ಅಂದರೆ ಶಿವಾಜಿಯ ಸೈನಿಕನೊಬ್ಬನನ್ನು, ತಂದು ಪ್ಲಾಟ್‌ಫಾರ್ಮಿನ ಮೇಲೆ ನಿಲ್ಲಿಸಿದ್ದ. ಮೂರು ಇಂಚಿನ ಗೊಂಬೆ. ಲೆಕ್ಕ ಹಾಕಿದೆವು: ಇಪ್ಪತ್ತೊಂದು ಮುಕ್ಕಾಲು ಅಡಿ ಎತ್ತರದ ಪ್ರಯಾಣಿಕ.

ಗುಡ್ಡ

ಹಳಿ ಹಾಕಿ, ವೈರಿಂಗ್ ಮುಗಿಸಿ, ಒಂದು ವಾರ ಗಾಡಿ ಓಡಿಸಿ ನೋಡಿದ ಮೇಲೆ ಮಾತ್ರ ಮಣ್ಣಿಗೆ ಕೈ ಹಾಕಿ. ಗುಡ್ಡದ ಕೆಳಗೆ ಹೂತುಹೋದ ವೈರು ಹುಡುಕುವುದು ಬಹಳ ಬೇಜಾರಿನ ಕೆಲಸ.

ಗಣಪತಿ ಹಬ್ಬದ ಮಂಟಪದ ಥರ್ಮಾಕೋಲ್ ಅಟ್ಟದ ಮೇಲೆ ಬಿದ್ದಿದ್ದರೆ ಇಳಿಸಿ. ಟಿವಿ ಪ್ಯಾಕಿನದ್ದೂ ಆಗುತ್ತದೆ. ತುಂಡುಗಳನ್ನು ಒಂದರ ಮೇಲೊಂದು ಒಟ್ಟಿ ಫೆವಿಕಾಲ್ ಹಚ್ಚಿ. ಎರಡು ಥರ್ಮಾಕೋಲ್ ನಡುವೆ ಗಾಳಿ ಆಡುವುದಿಲ್ಲ, ಫೆವಿಕಾಲ್ ಒಣಗಲು ದಿನಗಟ್ಟಲೆ ಬೇಕು. ಅಲ್ಲಿಯವರೆಗೆ ಜಾರದಂತೆ ಸುಟ್ಟು ಉಳಿದ ಊದುಬತ್ತಿ ಕಡ್ಡಿ ಚುಚ್ಚಿಡಿ. ಒಣಗಿದ ಮೇಲೆ ಹ್ಯಾಕ್ಸಾ ಬ್ಲೇಡಿನಿಂದ ಇಳಿಜಾರು ಕೊಯ್ಯಿರಿ. ಬಿಳಿ ಕಾಳು ಮನೆತುಂಬ ಹಾರುತ್ತದೆ, ಮೊದಲೇ ಹೇಳಿದ್ದೇನೆ.

ಒಂದು ಮಾತು. ಥರ್ಮಾಕೋಲಿಗೆ ನೇರವಾಗಿ ಸ್ಪ್ರೇ ಪೇಂಟ್ ಹೊಡೆಯಬೇಡಿ, ಪಂಕ್ಚರ್ ಗಮ್ಮನ್ನೂ ಹಚ್ಚಬೇಡಿ. ಅದರಲ್ಲಿನ ದ್ರಾವಕಕ್ಕೆ ಥರ್ಮಾಕೋಲ್ ಕರಗುತ್ತದೆ. ಅಂಗಡಿಯವರು 'ಏನೂ ಆಗೂದಿಲ್ರೀ, ಹೊಡೀರಿ' ಅಂದಿದ್ದರು. ಹೊಡೆದೆ. ಎರಡು ಭಾನುವಾರದ ಗುಡ್ಡ ಎರಡು ನಿಮಿಷದಲ್ಲಿ ಇಡ್ಲಿ ಹಿಟ್ಟಿನ ಹಾಗೆ ಕುಗ್ಗಿತು.

ಈಗ ಪೇಪರು. ಈ ಪುರವಣಿಯನ್ನೇ ಓದಿ ಆದಮೇಲೆ ಎರಡು ಬೆರಳು ಅಗಲಕ್ಕೆ ಹರಿಯಿರಿ. ಎರಡು ಅಳತೆ ಪ್ಲಾಸ್ಟರ್ ಆಫ್ ಪ್ಯಾರಿಸ್‌ಗೆ ಒಂದು ಅಳತೆ ನೀರು, ನೀರಿಗೆ ಪುಡಿ ಹಾಕಬೇಕು, ಪುಡಿಗೆ ನೀರಲ್ಲ. ಹತ್ತು ನಿಮಿಷದಲ್ಲಿ ಗಟ್ಟಿಯಾಗುತ್ತದೆ, ಅದಕ್ಕೆ ಒಂದು ಬಟ್ಟಲಿಗಿಂತ ಜಾಸ್ತಿ ಕಲಸಬೇಡಿ. ಪೇಪರ್ ಪಟ್ಟಿ ಅದ್ದಿ ಗುಡ್ಡದ ಮೇಲೆ ಹೊದಿಸಿ, ಎರಡು ಮೂರು ಪದರ. ಕಲಸುವಾಗಲೇ ನೆಲಕ್ಕೆ ಹಾಕುವ ರೆಡ್ ಆಕ್ಸೈಡ್ ಪುಡಿ ಒಂದು ಚಮಚ ಸೇರಿಸಿದರೆ ಮುಂದೆ ಎಲ್ಲಾದರೂ ಚಕ್ಕೆ ಎದ್ದರೂ ಬಿಳಿ ಕಾಣುವುದಿಲ್ಲ. ಹಳಿಗಾಗಿ ಗುಡ್ಡ ಕಡಿದಾಗ ಕಾಣುವ ಜಂಬಿಟ್ಟಿಗೆಯ ಗೋಡೆ ಬೇಕಾದರೆ ಪ್ಲಾಸ್ಟರ್ ಹಸಿ ಇದ್ದಾಗಲೇ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಚುಚ್ಚುತ್ತಾ ಹೋಗಿ, ಆ ತೂತು ತೂತು ಮೈ ಹಾಗೇ ಬರುತ್ತದೆ. ಬಟ್ಟಲು ತೊಳೆದ ನೀರನ್ನು ಸಿಂಕಿಗೆ ಮಾತ್ರ ಸುರಿಯಬೇಡಿ, ಪೈಪಿನೊಳಗೆ ಕಲ್ಲಾಗುತ್ತದೆ.

ಈ ಕೆಲಸವನ್ನು ದಸರಾ ಮುಗಿದ ಮೇಲೆ ಇಟ್ಟುಕೊಳ್ಳಿ. ಬೆಳಗಾವಿ ಮಳೆಗಾಲದ ತಂಡಿಗೆ ಫೆವಿಕಾಲ್ ಒಣಗುವುದಿಲ್ಲ, ಪ್ಲೈವುಡ್ ಸೊಟ್ಟಗಾಗುತ್ತದೆ, ಪೇಪರಿಗೆ ಬೂಷ್ಟು ಹಿಡಿಯುತ್ತದೆ. ತೆರೆದಿಟ್ಟ ಪ್ಲಾಸ್ಟರ್ ಪುಡಿಯೂ ಗಾಳಿಯ ಪಸೆ ಹೀರಿ ಕೆಲಸಕ್ಕೆ ಬಾರದಂತಾಗುತ್ತದೆ.

ಮಣ್ಣು ಮತ್ತು ಖಡಿ: ಅಯಸ್ಕಾಂತ ಮರೆಯಬೇಡಿ

ಬಣ್ಣ ಬಳಿದು ಮಣ್ಣು ಮಾಡುವುದಕ್ಕಿಂತ ಮಣ್ಣನ್ನೇ ಹಾಕುವುದು ಒಳ್ಳೆಯದು. ರಸ್ತೆ ಬದಿಯ ಕೆಂಪು ಮಣ್ಣು ಎರಡು ಹಿಡಿ ಸಾಕು. ಅದನ್ನು ಹುರಿಯಬೇಕು, ಇಲ್ಲದಿದ್ದರೆ ಹುಳ, ಹುಲ್ಲಿನ ಬೀಜ, ಬೂಷ್ಟು ಎಲ್ಲಾ ಜೊತೆಗೇ ಬರುತ್ತದೆ. ನಾನು ಮೊದಲ ಸಲ ಹುರಿಯುವಾಗ ಅವ್ವ ಅಡುಗೆಮನೆಗೆ ಬಂದಳು. 'ರೊಟ್ಟಿ ಹಂಚಿನ್ಯಾಗ ಮಣ್ಣ ಹುರಿತೀ ಏನೋ? ಮುಂದ ತಾಟಿಗೆ ಏನ್ ಬಡಸ್ಲಿ ನಿನಗ?' ನಿಮ್ಮ ಹಂಚು ನೀವೇ ಬೇರೆ ಕೊಂಡುಕೊಳ್ಳಿ.

ಹುರಿದದ್ದನ್ನು ಹಿಟ್ಟಿನ ಸಾಣಿಗೆಯಲ್ಲಿ, ಆಮೇಲೆ ಚಹಾ ಗಾಳಣಿಯಲ್ಲಿ ಸೋಸಿ. ಈಗ ಮುಖ್ಯವಾದ ಕೆಲಸ. ಒಂದು ಅಯಸ್ಕಾಂತವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಆ ಮಣ್ಣಿನ ಮೇಲೆ ಆಡಿಸಿ. ನಮ್ಮ ಕಡೆಯ ಕೆಂಪು ಮಣ್ಣಿನಲ್ಲಿ ಕಬ್ಬಿಣದ ಅಂಶ ಜಾಸ್ತಿ, ಕರಿ ಮೀಸೆಯ ಹಾಗೆ ಕಣಗಳು ಅಂಟಿಕೊಂಡು ಬರುತ್ತವೆ. ಇವು ಇಂಜಿನ್ನಿನ ಮೋಟರಿನಲ್ಲಿರುವ ಅಯಸ್ಕಾಂತಕ್ಕೆ ಹೋಗಿ ಅಂಟಿದರೆ ಮೋಟರು ಕರಕರ ಅಂದು ಒಂದು ದಿನ ನಿಲ್ಲುತ್ತದೆ. ಏನೂ ಅಂಟದವರೆಗೆ ಆಡಿಸುತ್ತಲೇ ಇರಿ.

ಖಡಿಗೂ ಇದೇ ಮಾತು. ಹಳಿಯ ಕೆಳಗಿನ ದೊಡ್ಡ ಖಡಿ 65 ಮಿ.ಮೀ. ಇರುತ್ತದೆ, 87ರಿಂದ ಭಾಗಿಸಿದರೆ ಮುಕ್ಕಾಲು ಮಿ.ಮೀ., ಹೆಚ್ಚೂಕಡಿಮೆ ರವೆಯ ಗಾತ್ರ. ಖಡಿ ಮಷಿನ್ನಿನ ಪುಡಿ ಸೋಸಿದರೆ ಈ ಗಾತ್ರದ್ದು ಸಿಗುತ್ತದೆ, ಬಣ್ಣವೂ ಅಸಲಿ. ಆದರೆ ನಮ್ಮ ಕಡೆಯ ಕರಿಕಲ್ಲು ಬಸಾಲ್ಟ್, ಅದರಲ್ಲೂ ಅಯಸ್ಕಾಂತಕ್ಕೆ ಅಂಟುವ ಕಣಗಳಿವೆ. ಸ್ವಲ್ಪ ಅಂಟಿದರೆ ತೆಗೆದುಹಾಕಿ. ಅರ್ಧಕ್ಕರ್ಧ ಎದ್ದು ಬಂದರೆ ಅದನ್ನು ಬಿಟ್ಟು ಸಣ್ಣ ಹೊಳೆ ಉಸುಕಿಗೆ ಬೂದು ಬಣ್ಣ ಹಾಕಿ. 'ರವೆಯ ಗಾತ್ರ' ಅಂದೆ ಅಂತ ರವೆಯನ್ನೇ ಹಾಕಬೇಡಿ! ನಾನು ಹಾಕಿದ್ದೆ. ಮೂರನೇ ದಿನ ಕಿಟಕಿಯಿಂದ ಸ್ಟೇಷನ್ನಿನವರೆಗೆ ಇರುವೆ ಸಾಲು, ನನ್ನ ಗೂಡ್ಸ್ ಗಾಡಿಗಿಂತ ಟೈಮಿಗೆ ಸರಿಯಾಗಿ ಓಡಾಡುತ್ತಿತ್ತು.

ಹಾಕುವ ಕ್ರಮ ಹೀಗೆ. ಗುಡ್ಡಕ್ಕೂ ನೆಲಕ್ಕೂ ಫೆವಿಕಾಲ್ ಮತ್ತು ನೀರು ಸಮ ಸಮ ಬೆರೆಸಿ ಬಳಿದು ಮೇಲೆ ಮಣ್ಣು ಉದುರಿಸಿ. ಖಡಿಗೆ ಉಲ್ಟಾ: ಮೊದಲು ಒಣ ಖಡಿಯನ್ನು ಸ್ಲೀಪರುಗಳ, ಅಂದರೆ ಹಳಿಯ ಕೆಳಗಿನ ಅಡ್ಡಪಟ್ಟಿಗಳ ನಡುವೆ ಸುರಿದು ಮೆತ್ತನೆಯ ಬ್ರಷ್ಷಿನಿಂದ ಸರಿಮಾಡಿ, ಸ್ಲೀಪರಿನ ಮೇಲೆ ಒಂದು ಕಾಳೂ ಉಳಿಯಬಾರದು. ಪಾತ್ರೆ ತೊಳೆಯುವ ಸೋಪು ನಾಲ್ಕು ಹನಿ ಹಾಕಿದ ನೀರನ್ನು ಸಣ್ಣಗೆ ಸ್ಪ್ರೇ ಮಾಡಿ. ಆಮೇಲೆ ಸೂಜಿ ತೆಗೆದ ಸಿರಿಂಜಿನಲ್ಲಿ ಫೆವಿಕಾಲ್ ನೀರನ್ನು ಹನಿ ಹನಿಯಾಗಿ ಬಿಡಿ. ಸೋಪು ಇಲ್ಲದಿದ್ದರೆ ಹನಿ ಇಂಗದೆ ಗುಂಡಗೆ ನಿಂತು, ಖಡಿಯನ್ನೆಲ್ಲ ಉಂಡೆ ಮಾಡಿ ಹಾಕುತ್ತದೆ. ಹಳಿ ಕವಲೊಡೆಯುವ ಪಾಯಿಂಟ್ ಹತ್ತಿರ ಅಂಟು ಬಹಳ ಕಡಿಮೆ, ಅಲ್ಲಾಡುವ ಭಾಗ ಹಿಡಿದುಕೊಂಡರೆ ಕಥೆ ಮುಗಿಯಿತು. ರಾತ್ರಿಯಿಡೀ ಮುಟ್ಟಬೇಡಿ.

ಹುಲ್ಲು, ಗದ್ದೆ, ಮರ

ಇದು ಮನೆಯೆಲ್ಲ ಹುಡುಕುವ ಕೆಲಸ. ಗೋಣಿಚೀಲದ ನಾರನ್ನು 5 ಮಿ.ಮೀ. ಉದ್ದಕ್ಕೆ ಕತ್ತರಿಸಿ, ಚಿಟಿಕೆ ಚಿಟಿಕೆ ಫೆವಿಕಾಲಿನಲ್ಲಿ ನಿಲ್ಲಿಸಿದರೆ ಮೊಣಕಾಲೆತ್ತರದ ಒಣ ಹುಲ್ಲು, ಬಣ್ಣ ಹಚ್ಚುವುದೇ ಬೇಡ. ಹಳೇ ಟರ್ಕಿ ಟವೆಲ್ಲಿನ ತುಂಡಿಗೆ ತೆಳು ಹಸಿರು ಹಚ್ಚಿದರೆ ನಿಂತ ಭತ್ತ, ಮಣ್ಣಿನ ಬಣ್ಣ ಹಚ್ಚಿ ಕತ್ತರಿಯಿಂದ ಬೋಳಿಸಿದರೆ ಕೊಯ್ದ ಕೂಳೆ. ಹತ್ತಡಿ ಕಬ್ಬು ಮೂರೂವರೆ ಸೆಂ.ಮೀ., ಅದಕ್ಕೆ ಹಳೇ ಪ್ಲಾಸ್ಟಿಕ್ ಪೊರಕೆಯ ಎಳೆ ಸಾಕು, ಸಾಲು ಮಾತ್ರ ನೇರವಾಗಿರಲಿ.

ಮರಕ್ಕೆ ಹಳೇ ಕೇಬಲ್ಲಿನ ತಾಮ್ರದ ತಂತಿ. ಇಪ್ಪತ್ತು ಎಳೆ ಸೇರಿಸಿ ಕೆಳಗೆ ಹೊಸೆದರೆ ಕಾಂಡ, ಮೇಲೆ ನಾಲ್ಕು ಐದು ಎಳೆಗಳಂತೆ ಬಿಡಿಸುತ್ತಾ ಹೋದರೆ ಕೊಂಬೆ. ಫೆವಿಕಾಲಿಗೆ ಮರದ ಹೊಟ್ಟು ಕಲಸಿ ಕಾಂಡಕ್ಕೆ ಮೆತ್ತಿದರೆ ತೊಗಟೆ. ಎಲೆಗೆ ಹಾಸಿಗೆಯ ಸ್ಪಂಜನ್ನು ಚೂರು ಮಾಡಿ ಎರಡು ಮೂರು ತರಹದ ಹಸಿರಿನಲ್ಲಿ ಅದ್ದಿ ಒಣಗಿಸಿ ಅಂಟಿಸಿ. ಒಂದೇ ಹಸಿರು ಬೇಡ, ಕಪ್ಪು ಹಸಿರಿನ ಮಾವಿನ ಪಕ್ಕ ತಿಳಿ ಹಳದಿ ಬೆರೆತ ಬೇವು ಇದ್ದರೆ ಚೆಂದ. ಚೂರು ಮಾಡಲು ಮಿಕ್ಸರ್ ಮುಟ್ಟಬೇಡಿ. ಹಂಚಿನ ಕಥೆ ಕೇಳಿದಿರಲ್ಲ.

ನೀರಿನ ಬಗ್ಗೆ ಒಂದೇ ಮಾತು. ಹೊಸಬರು ಗಾಜಿನ ಹಾಗೆ ಗಟ್ಟಿಯಾಗುವ ರೆಸಿನ್ ಸುರಿದು ಹೊಳೆ ಮಾಡಲು ಹೋಗಿ ಹಲಗೆಯ ಅಂಚಿನಿಂದ ಸೋರಿಸಿ ನೆಲ ಹಾಳು ಮಾಡಿಕೊಳ್ಳುತ್ತಾರೆ. ಬೇಸಿಗೆಯ ಹಳ್ಳ ಮಾಡಿ: ಉಸುಕು, ನಾಲ್ಕು ಬಂಡೆ, ನಡುವೆ ಕಂದು ಬಣ್ಣದ ಮೇಲೆ ವಾರ್ನಿಷ್ ಹಚ್ಚಿದ ಎರಡು ಗುಂಡಿ.

ಸ್ಟೇಷನ್ನಿನ ಹಂಚಿನ ಮಾಡಿಗೆ ಬಲ್ಬಿನ ಡಬ್ಬಿಯೊಳಗಿನ ಸಣ್ಣ ಗೀರಿನ ರಟ್ಟು ನೀರಿನಲ್ಲಿ ನೆನೆಸಿ ಮೇಲಿನ ಕಾಗದ ಸುಲಿಯಿರಿ. ಹೆಸರಿನ ಬೋರ್ಡು ಹಳದಿ, ಅಕ್ಷರ ಕಪ್ಪು, ಕನ್ನಡ, ಹಿಂದಿ, ಇಂಗ್ಲಿಷ್ ಮೂರೂ ಇರಲಿ, ಕೆಳಗೆ ಸಮುದ್ರ ಮಟ್ಟದಿಂದ ಇಷ್ಟು ಮೀಟರ್ ಅಂತ ಬರೆಯಲು ಮರೆಯಬೇಡಿ. ಜನ ಅದನ್ನೇ ಮೊದಲು ಓದುತ್ತಾರೆ. ಗೇಟು ಇದ್ದರೆ ಅದರ ಮುಂದೆ ನಾಲ್ಕು ಸ್ಕೂಟರ್ ನಿಲ್ಲಿಸಿ, ಒಂದು ಮಾತ್ರ ಗೇಟಿನ ಕೆಳಗೆ ಬಗ್ಗಿ ನುಸುಳುತ್ತಿರಲಿ. ಬೆಳಗಾವಿ ಅಂತ ಬೋರ್ಡೇ ಬೇಕಾಗಿಲ್ಲ.

ಎಲ್ಲಾ ಒಣಗಿದ ಮೇಲೆ ಹಳಿಯ ಮೇಲ್ಭಾಗವನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬಟ್ಟೆಯಿಂದ ಒರೆಸಿ, ಇಲ್ಲದಿದ್ದರೆ ಒಣಗಿದ ಫೆವಿಕಾಲ್ ಪೊರೆ ಕರೆಂಟ್ ತಡೆಯುತ್ತದೆ. ಬರೀ ಇಂಜಿನ್ ಓಡಿಸಿ. ಎಲ್ಲೋ ಒಂದು ಕಡೆ ಅದು ಎಗರುತ್ತದೆ, ಅಲ್ಲಿ ಹಳಿಯ ಒಳಬದಿಗೆ ಒಂದು ಖಡಿ ಅಂಟಿರುತ್ತದೆ, ಉಗುರಿನಿಂದ ಕಿತ್ತು ಮತ್ತೆ ಓಡಿಸಿ. ನನ್ನದರಲ್ಲಿ ಹನ್ನೊಂದು ಸಿಕ್ಕವು. ರಾತ್ರಿ ಮಲಗುವ ಮೊದಲು ಹಳೇ ಸೀರೆ ಮುಚ್ಚಿ, ಮರಗಳಿಗೆ ತಾಗದಂತೆ ನಾಲ್ಕು ಮೂಲೆಗೂ ಒಂದೊಂದು ಡಬ್ಬಿ ಇಟ್ಟು.