ಡಬ್ಬ ಓದಲು ಬಂದರೆ ಅರ್ಧ ವ್ಯಾಪಾರ: ಹಳೇ ಆಟಿಕೆ ಮಾರಾಟದ ನನ್ನ ಅನುಭವ

ಹಳೇ ಆಟಿಕೆ ಆನ್‌ಲೈನಲ್ಲಿ ಮಾರುತ್ತೇನೆ ಅಂದ ಕೂಡಲೇ ಜನ ಎರಡು ಪ್ರಶ್ನೆ ಕೇಳುತ್ತಾರೆ. ಅದನ್ನೆಲ್ಲ ಯಾರು ತಗೋತಾರೆ? ಎಲ್ಲಿಂದ ತರ್ತೀರಿ? ಎರಡಕ್ಕೂ ಉತ್ತರ ಹೇಳುತ್ತೇನೆ. ಆದರೆ ದುಡ್ಡು ನಿಂತಿರುವುದು ಯಾರೂ ಕೇಳದ ಮೂರನೇ ಪ್ರಶ್ನೆಯ ಮೇಲೆ: ಇದು ಯಾವ ಕಾಲದ್ದು ಅಂತ ಹೇಗೆ ಗೊತ್ತಾಗುತ್ತೆ?

ನಾನು ತುಮಕೂರಿನಲ್ಲಿ ಆಡಿಟರ್ ಒಬ್ಬರ ಆಫೀಸಿನಲ್ಲಿ ಲೆಕ್ಕ ಬರೆಯುವವನು. ಆಟಿಕೆ ವ್ಯಾಪಾರ ಸಂಜೆ ಮತ್ತು ಭಾನುವಾರದ ಕೆಲಸ. ಇರುವ ನೌಕರಿ ಬಿಟ್ಟು ಇದನ್ನೇ ನಂಬುವಷ್ಟು ಬರುವುದಿಲ್ಲ, ಸುಮ್ನೆ ಹೇಳಬಾರದು. ಮಗಳ ಸ್ಕೂಲ್ ಫೀಸು ಇದರಲ್ಲಿ ಕಳೆಯುತ್ತದೆ, ಅಷ್ಟೇ.

ತಗೊಳ್ಳುವವರು ಹೆಚ್ಚಾಗಿ ಮೂವತ್ತೈದು, ನಲವತ್ತರ ಆಸುಪಾಸಿನವರು. ಚಿಕ್ಕವರಿದ್ದಾಗ ಅಂಗಡಿ ಗಾಜಿನ ಹಿಂದೆ ಕಂಡದ್ದು, ಕೈ ಹಿಡಿದು ಎಳೆದುಕೊಂಡು ಹೋದ ಅಪ್ಪ ಕೊಡಿಸದೇ ಇದ್ದದ್ದು, ಅದನ್ನು ಈಗ ಸ್ವಂತ ಸಂಬಳದಲ್ಲಿ ಕೊಳ್ಳುತ್ತಾರೆ. ಹಾಗಾಗಿ ಬೇಡಿಕೆ ವರ್ಷದಿಂದ ವರ್ಷಕ್ಕೆ ಜಾರುತ್ತಾ ಹೋಗುತ್ತದೆ. ಕೀ ಕೊಡುವ ತಗಡಿನ ಆಟಿಕೆ ಕೇಳುವವರಿಗೆ ಈಗ ವಯಸ್ಸಾಗಿದೆ. ಅವರು ಕಡಿಮೆ ಜನ, ಆದರೆ ಬೆಲೆ ಬಲ್ಲವರು. ಎಂಬತ್ತರ ಕೊನೆ ಮತ್ತು ತೊಂಬತ್ತರ ದಶಕದ ಜಿ.ಐ. ಜೋ ಸೈನಿಕ ಗೊಂಬೆ, ಹೀ-ಮ್ಯಾನ್ ಗೊಂಬೆ, ಲಿಯೋ ಕಂಪನಿಯ ಹಾಟ್ ವೀಲ್ಸ್ ಕಾರು, ನಟ್ಟು-ಬೋಲ್ಟು ಹಾಕಿ ಜೋಡಿಸುವ ಮೆಕ್ಯಾನಿಕ್ಸ್ ಸೆಟ್ಟು ನನ್ನ ಮುಖ್ಯ ಸರಕು. ಚಿಪ್ಸ್ ಪೊಟ್ಟಣದೊಳಗೆ ಬರುತ್ತಿದ್ದ ಟಾಜೋ ಬಿಲ್ಲೆ, ಬೇಬ್ಲೇಡ್ ಬುಗುರಿ ಕೇಳುವ ಹುಡುಗರು ಈಗೀಗ ಜಾಸ್ತಿ ಆಗಿದ್ದಾರೆ.

ಇನ್ನೊಂದು ಗಿರಾಕಿ ವರ್ಗ ದಸರಾಕ್ಕೆ ಬರುತ್ತದೆ. ಗೊಂಬೆ ಕೂರಿಸುವ ಮನೆಯವರು. "ಕೆಳಗಿನ ಮೆಟ್ಟಿಲಲ್ಲಿ ಪೇಟೆ ಬೀದಿ ಮಾಡ್ತಾ ಇದ್ದೀವಿ, ಒಂದು ಅಂಬಾಸಿಡರ್, ಒಂದು ಹಳೇ ಬಸ್ಸು ಇದ್ರೆ ಕೊಡಿ" ಅನ್ನುತ್ತಾರೆ. ಇವರಿಗೆ ಇಸವಿ ಬೇಡ, ಡಬ್ಬ ಬೇಡ. ಬಣ್ಣ ಚೆನ್ನಾಗಿರಬೇಕು, ಮಹಾಲಯ ಅಮಾವಾಸ್ಯೆಯೊಳಗೆ ಮನೆ ಸೇರಬೇಕು. ಡಬ್ಬ ಇಲ್ಲದ ಬಿಡಿ ಸಾಮಾನೆಲ್ಲ ನನಗೆ ಖಾಲಿಯಾಗುವುದು ಆ ತಿಂಗಳಲ್ಲೇ.

ಇನ್ನು ಸರಕು. ಬೆಂಗಳೂರಿನ ಭಾನುವಾರದ ಬಜಾರ್‌ಗೆ ಎಲ್ಲರೂ ಹೋಗುತ್ತಾರೆ, ನಾನೂ ಹೋಗುತ್ತೇನೆ. ಆದರೆ ಅಲ್ಲಿನ ವ್ಯಾಪಾರಿಗಳು ಮೊಬೈಲಿನಲ್ಲಿ ರೇಟು ನೋಡಿಕೊಂಡೇ ಕೂತಿರುತ್ತಾರೆ. ನನಗೆ ಒಳ್ಳೆ ಮಾಲು ಸಿಗುವುದು ತಿಪಟೂರು, ಅರಸೀಕೆರೆ, ಕಡೂರು, ಬೀರೂರಿನಂಥ ಊರುಗಳಲ್ಲಿ. ರೈಲಿಳಿದು ಪೇಟೆ ಬೀದಿಯಲ್ಲಿ ನಡೆದರೆ ಮೂವತ್ತು ವರ್ಷ ಹಳೆಯ ಫ್ಯಾನ್ಸಿ ಸ್ಟೋರೋ ಸ್ಟೇಷನರಿ ಅಂಗಡಿಯೋ ಒಂದಾದರೂ ಇರುತ್ತದೆ. ಅಂಥ ಅಂಗಡಿಗೊಂದು ಅಟ್ಟ ಇರುತ್ತದೆ. ಮಾತು ಹೆಚ್ಚುಕಡಿಮೆ ಹೀಗೇ ಶುರುವಾಗುತ್ತದೆ:

"ಯಜಮಾನ್ರೇ, ಮಾರದೆ ಉಳಿದ ಹಳೇ ಆಟದ ಸಾಮಾನು ಏನಾದ್ರೂ ಇದೆಯಾ?"

"ಅಟ್ಟದ ಮೇಲೆ ಧೂಳು ತಿಂತಾ ಬಿದ್ದಿದೆ ಕಣಪ್ಪ. ನಿನಗ್ಯಾಕೆ ಅದು?"

"ಮಾರ್ತೀನಿ ಯಜಮಾನ್ರೇ, ಇಂಥದ್ದು ಕೂಡಿಸಿಡೋರು ಇದ್ದಾರೆ. ಹತ್ತಿ ನೋಡ್ಲಾ?"

ಮಾರುವವನು ಅಂತ ಮೊದಲೇ ಹೇಳಿಬಿಡುತ್ತೇನೆ. ಮಗುವಿಗೆ ಅಂತ ಸುಳ್ಳು ಹೇಳಿ ಐವತ್ತು ರೂಪಾಯಿಗೆ ಎತ್ತಿಕೊಂಡು ಬರುವವರೂ ಇದ್ದಾರೆ. ಚಿಕ್ಕ ಊರಿನಲ್ಲಿ ಅದು ಒಂದೇ ಸಲ ನಡೆಯುತ್ತದೆ. ಡಬ್ಬದ ಮೇಲೆ ಅಚ್ಚಾಗಿರುವ ಬೆಲೆಗಿಂತ ನಾನು ಯಾವಾಗಲೂ ಜಾಸ್ತಿ ಕೊಡುತ್ತೇನೆ, ಬೇಕಾದದ್ದು ಬೇಡದ್ದು ಎಲ್ಲ ಸೇರಿಸಿ ಒಟ್ಟಿಗೆ ಎತ್ತುತ್ತೇನೆ. ಆ ಯಜಮಾನರು ಆಮೇಲೆ ಪಕ್ಕದ ಊರಿನ ತಮ್ಮ ಷಡ್ಡಕನ ಅಂಗಡಿಗೂ ದಾರಿ ತೋರಿಸುತ್ತಾರೆ.

ಗುಜರಿ ಅಂಗಡಿಗೆ ಹೋಗುವುದಾದರೆ ಯುಗಾದಿ ಮತ್ತು ಆಯುಧಪೂಜೆಗೆ ಮುಂಚಿನ ವಾರ ಹೋಗಬೇಕು. ಮನೆ ಸ್ವಚ್ಛ ಮಾಡಿ ಹೊರಗೆ ಹಾಕಿದ್ದೆಲ್ಲ ಆಗ ಅಲ್ಲಿಗೆ ಬಂದಿರುತ್ತದೆ. ಇಂಥದ್ದು ಬಂದರೆ ತೂಕಕ್ಕೆ ಹಾಕಬೇಡ, ಎತ್ತಿಡು ಅಂತ ಹೇಳಿ ಎರಡು-ಮೂರು ಫೋಟೋ ಅವರ ಮೊಬೈಲಿಗೆ ಕಳಿಸಿಟ್ಟಿದ್ದೇನೆ.

ಈಗ ಆ ಮೂರನೇ ಪ್ರಶ್ನೆ. ಆಟಿಕೆಗಿಂತ ಡಬ್ಬ ಜಾಸ್ತಿ ಮಾತಾಡುತ್ತದೆ. ವಿದೇಶದವರು ಬರೆದ ಕೈಪಿಡಿಗಳಲ್ಲಿ ನಮ್ಮ ದೇಶದ ಆಟಿಕೆಗೆ ಹೆಚ್ಚು ಜಾಗ ಇಲ್ಲ. ಹಾಗಾಗಿ ನಮ್ಮದೇ ಗುರುತುಗಳನ್ನು ಹಿಡಿಯಬೇಕು. ಮೊದಲು ವಿಳಾಸ ನೋಡುತ್ತೇನೆ. ಆರಂಕಿಯ ಪಿನ್ ಕೋಡ್ ನಮ್ಮಲ್ಲಿ ಬಂದದ್ದು 1972ರ ಆಗಸ್ಟ್ 15ಕ್ಕೆ. 'ಬಾಂಬೆ-3' ಅಂತ ಊರಿನ ಮುಂದೆ ಬರೀ ವಲಯದ ಸಂಖ್ಯೆ ಇದ್ದರೆ ಅದಕ್ಕಿಂತ ಹಳೆಯದಿರಬಹುದು. ಪಿನ್ ಇದ್ದರಂತೂ ಖಂಡಿತ ಆಮೇಲಿನದು. ಆಮೇಲೆ ಊರಿನ ಹೆಸರು. ಮದ್ರಾಸ್ ಚೆನ್ನೈ ಆದದ್ದು 1996ರಲ್ಲಿ, ಕಲ್ಕತ್ತಾ ಕೋಲ್ಕತಾ ಆದದ್ದು 2001ರಲ್ಲಿ. ಹಳೇ ಡಬ್ಬ ಖಾಲಿಯಾಗುವವರೆಗೆ ಕಂಪನಿಯವರು ಹಳೇ ಹೆಸರಿನಲ್ಲೇ ತಳ್ಳುತ್ತಾರೆ, ಹಾಗಾಗಿ ಒಂದೆರಡು ವರ್ಷ ಆಚೀಚೆ ಬಿಡಬೇಕು. 'ಸ್ಥಳೀಯ ತೆರಿಗೆ ಪ್ರತ್ಯೇಕ' ಅಂತ ಇಂಗ್ಲಿಷಿನಲ್ಲಿ ಅಚ್ಚಾಗಿದ್ದರೆ ನನಗೆ ಖುಷಿ. ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ ಅಚ್ಚು ಹಾಕುವುದು ರೂಢಿಯಾಗುವ ಮುಂಚಿನ ಮಾಲು ಅಂತ ಲೆಕ್ಕ.

ಇನ್ನೊಂದು ಗುರುತು ಎಷ್ಟು ಸುಲಭ ಅಂದರೆ, ಅದನ್ನು ನೋಡದೆ ಮೋಸ ಹೋಗುವವರನ್ನು ಕಂಡರೆ ಬೇಜಾರಾಗುತ್ತದೆ. ಈಗಿನ ₹ ಚಿಹ್ನೆ ಬಂದದ್ದು 2010ರ ಜುಲೈನಲ್ಲಿ. 'ನಮ್ಮ ತಾತನ ಕಾಲದ್ದು' ಅಂತ ತೋರಿಸಿದ ತಗಡಿನ ರೈಲಿನ ಡಬ್ಬದ ಮೂಲೆಯಲ್ಲಿ ಆ ಚಿಹ್ನೆ ಕುಳಿತಿರುವುದನ್ನು ನೋಡಿದ್ದೇನೆ. ಪಟ್ಟಿಪಟ್ಟಿ ಬಾರ್‌ಕೋಡ್ ಇದ್ದರೂ ಅರವತ್ತರ ದಶಕದ ಮಾತು ಅಲ್ಲಿಗೆ ಮುಗಿಯಿತು.

ಡಬ್ಬ ಇಲ್ಲದಿದ್ದರೆ ತಳ ಓದಬೇಕು. ಇಲ್ಲಿ ಹೊಸಬರು ಎಡವುವ ಒಂದು ಜಾಗ ಇದೆ. ಹಾಟ್ ವೀಲ್ಸ್ ಕಾರಿನ ತಳದಲ್ಲಿ 1982 ಅಂತ ಇದ್ದರೆ ಆ ಕಾರು 1982ರಲ್ಲಿ ಆದದ್ದು ಅಂತ ಅಲ್ಲ. ಅದು ಆ ವಿನ್ಯಾಸದ ಹಕ್ಕು ಪಡೆದ ವರ್ಷ. ಅದೇ ಅಚ್ಚಿನಿಂದ ಇಪ್ಪತ್ತು ವರ್ಷ ಆದಮೇಲೂ ಕಾರು ಬಂದಿರಬಹುದು. ಇಸವಿಗಿಂತ ಮುಖ್ಯ ಯಾವ ದೇಶ ಅನ್ನುವುದು. ಲಿಯೋ ಹೆಸರಿದ್ದು ಇಂಡಿಯಾ ಅಂತ ಇದ್ದರೆ ಅದು ಇಲ್ಲೇ ಆದದ್ದು, ಹೊರಗಿನವರೂ ಹುಡುಕಿಕೊಂಡು ಬರುತ್ತಾರೆ. ಅದಕ್ಕೂ ಹಿಂದೆ ಇಂಗ್ಲೆಂಡಿನ ಡಿಂಕಿ ಕಾರಿನ ಅಚ್ಚುಗಳು ಭಾರತಕ್ಕೆ ಬಂದು ನಿಕ್ಕಿ ಅನ್ನುವ ಹೆಸರಲ್ಲಿ ಕಾರುಗಳಾದವು. ಅವು ಸಿಕ್ಕಿದರೆ ಬಣ್ಣ ಹೋಗಿದ್ದರೂ ಬಿಡುವುದಿಲ್ಲ.

ಲೋಹದ ಕಾರನ್ನು ತಿರುಗಿಸಿ ರಿವೆಟ್ ನೋಡುತ್ತೇನೆ. ರಿವೆಟ್ ಕೊರೆದು ಸ್ಕ್ರೂ ಹಾಕಿದ್ದರೆ ಯಾರೋ ಬಿಚ್ಚಿದ್ದಾರೆ, ಬಹುಶಃ ಹೊಸ ಬಣ್ಣ ಹೊಡೆದಿದ್ದಾರೆ. ಜೇಬಿನಲ್ಲಿ ಒಂದು ಚಿಕ್ಕ ಅಯಸ್ಕಾಂತ ಇರುತ್ತದೆ. ತಗಡು ಅಂಟುತ್ತದೆ, ಅಚ್ಚಿನ ಸತುವಿನ ಮಿಶ್ರಲೋಹ ಅಂಟುವುದಿಲ್ಲ.

ಹಳೆಯದೆಲ್ಲ ದುಡ್ಡಲ್ಲ. ಈಗಲೂ ತಯಾರಾಗುವ ವಸ್ತುವಿಗೆ ನಾನು ಕೈ ಹಾಕುವುದಿಲ್ಲ. ಎಣ್ಣೆ ಬತ್ತಿ ಹಚ್ಚಿದರೆ ಪುಟಪುಟ ಅಂತ ಓಡುವ ತಗಡಿನ ದೋಣಿ, 9999 ಆಟ ಇದೆ ಅಂತ ಬರೆದಿರುವ ಬ್ರಿಕ್ ಗೇಮ್, ನೀರು ತುಂಬಿದ ಉಂಗುರದ ಆಟ, ಇವು ಜಾತ್ರೆಯಲ್ಲೇ ಸಿಗುತ್ತವೆ. ವಿದೇಶದಿಂದ ತರಿಸುವ ಆಸೆಯೂ ಬೇಡ. ಆಟಿಕೆಯ ಆಮದು ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ ಏರಿತು, 2023ರಲ್ಲಿ 70 ಆಯಿತು. ನನ್ನಂಥವನಿಗೆ ಅದರಲ್ಲಿ ಏನೂ ಉಳಿಯುವುದಿಲ್ಲ.

ಒಂದು ವಸ್ತುವಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ನನ್ನ ಲಾಭದ ದೊಡ್ಡ ಪಾಲು ಅದರದ್ದೇ. ಟೈರಿನ ಎಂಆರ್‌ಎಫ್ ಮತ್ತು ಅಮೆರಿಕದ ಆಟಿಕೆ ಕಂಪನಿ ಹ್ಯಾಸ್‌ಬ್ರೋ ಸೇರಿ 1987ರಲ್ಲಿ ಶುರುಮಾಡಿದ ಫನ್‌ಸ್ಕೂಲ್ ನಮ್ಮ ದೇಶದಲ್ಲಿ ಜಿ.ಐ. ಜೋ ಗೊಂಬೆಗಳನ್ನು ಮಾಡಿತು. ಅಚ್ಚು ಅಮೆರಿಕದ್ದು, ಬಣ್ಣ ಎಷ್ಟೋ ಕಡೆ ಇಲ್ಲಿಯದ್ದು. ಅಲ್ಲಿ ಹಸಿರಿದ್ದ ಅಂಗಿ ಇಲ್ಲಿ ಬೇರೆಯೇ ಬಣ್ಣ ಆಗಿರುತ್ತದೆ. ಆ ವ್ಯತ್ಯಾಸಕ್ಕೇ ಬೆಲೆ. ನಾಲ್ಕು ಇಂಚೂ ಇಲ್ಲದ ಈ ಗೊಂಬೆಯ ಸೊಂಟ ನಿಂತಿರುವುದು ಒಳಗಿನ ಒಂದು ರಬ್ಬರ್ ರಿಂಗಿನ ಮೇಲೆ. ಮೂವತ್ತು ವರ್ಷಕ್ಕೆ ಆ ರಬ್ಬರು ಒಣಗಿ ಪುಡಿಯಾಗುತ್ತದೆ. ಗೊಂಬೆ ಎರಡು ತುಂಡಾಗಿ ಗುಜರಿಗೆ ಬರುತ್ತದೆ. ಮುರಿದಿದೆ ಅಂತ ಎಲ್ಲರೂ ಬಿಡುತ್ತಾರೆ.

ಅದು ಮುರಿದದ್ದಲ್ಲ. ಬೆನ್ನಲ್ಲಿ ಒಂದೇ ಒಂದು ಸ್ಕ್ರೂ ಇದೆ. ಸರಿಯಾಗಿ ಕೂರುವ ಸ್ಕ್ರೂಡ್ರೈವರ್ ಬೇಕು, ಇಲ್ಲದಿದ್ದರೆ ಸ್ಕ್ರೂ ತಲೆ ಸವೆದು ಕೆಲಸ ಕೆಡುತ್ತದೆ. ಬಿಚ್ಚಿದರೆ ಎದೆಯ ಎರಡು ಭಾಗ ಬೇರೆಯಾಗಿ ತಲೆ, ಕೈ ಎಲ್ಲ ಮೇಜಿನ ಮೇಲೆ ಬೀಳುತ್ತವೆ. ಗಾಬರಿ ಬೇಡ. ಕಾಲುಗಳನ್ನು ಹಿಡಿದಿರುವ ಲೋಹದ ಕೊಕ್ಕೆಗೆ ಹೊಸ ರಿಂಗನ್ನು ಸಿಕ್ಕಿಸಿ, ಸೊಂಟದ ತೂತಿನಿಂದ ಮೇಲೆ ಎಳೆದು, ಸ್ಕ್ರೂ ಕೂರುವ ಗೂಟಕ್ಕೆ ಹಾಕಬೇಕು. ಕೈ, ತಲೆ ಜೋಡಿಸಿ ಮುಚ್ಚಿದರೆ ಮುಗಿಯಿತು. ರಿಂಗು ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲವೇ ರೂಪಾಯಿ. ಸ್ಕ್ರೂ ಬಿಗಿ ಮಾಡುವಾಗ ಮಾತ್ರ ಕೈ ಹಗುರ ಇರಲಿ. ಹೆಬ್ಬೆರಳಿನ ಹತ್ತಿರವೂ ಹುಷಾರು. ಗಟ್ಟಿಯಾದ ಪ್ಲಾಸ್ಟಿಕ್ಕಿನ ಬಂದೂಕನ್ನು ಗೊಂಬೆ ಕೈಗೆ ತುರುಕಲು ಹೋದರೆ ಹೆಬ್ಬೆರಳು ಪಟ್ ಅಂತ ಮುರಿಯುತ್ತದೆ. ಹೆಬ್ಬೆರಳಿಲ್ಲದ ಗೊಂಬೆಗೆ ಅರ್ಧ ಬೆಲೆ.

ಇಷ್ಟು ಬಿಟ್ಟರೆ ನಾನು ರಿಪೇರಿ ಹೆಚ್ಚು ಮಾಡುವುದಿಲ್ಲ. ಸೋಪಿನ ನೀರು, ಹಳೇ ಟೂತ್‌ಬ್ರಷ್, ಬ್ಯಾಟರಿ ಸೋರಿ ಹಸಿರುಗಟ್ಟಿದ ಸ್ಪ್ರಿಂಗಿಗೆ ನಯವಾದ ಎಮರಿ ಕಾಗದ. ಬಣ್ಣ ಮುಟ್ಟುವುದಿಲ್ಲ. ಹೊಳೆಯುವ ಹಾಗೆ ಮಾಡಿದರೆ ತಿಳಿದವರು ಕೊಳ್ಳುವುದಿಲ್ಲ. ತಿಳಿಯದವರಿಗೆ ಮಾರಿದರೆ ನಾಳೆ ಜಗಳ.

ಫೋಟೋ ಬೆಳಗಿನ ಹೊತ್ತು ಟೆರೇಸಿನ ನೆರಳಲ್ಲಿ ತೆಗೆಯುತ್ತೇನೆ. ಮೊದಲು ತಳ, ಆಮೇಲೆ ದೋಷ, ಕೊನೆಗೆ ಚೆಂದದ ಮುಖ. ವಿವರಣೆಯಲ್ಲೂ ಹಾಗೇ: 'ಎಡಗಡೆ ಬಾಗಿಲ ಬಳಿ ಬಣ್ಣ ಎದ್ದಿದೆ, ಹಿಂದಿನ ಸ್ಟಿಕ್ಕರ್ ಇಲ್ಲ.' ಬಾಲ್ಯದ ನೆನಪು ಅದು ಇದು ಅಂತ ನಾನು ಬರೆಯುವುದಿಲ್ಲ. ನೆನಪು ಕೊಳ್ಳುವವನ ಹತ್ತಿರವೇ ಬೇಕಾದಷ್ಟು ಇದೆ. ನನ್ನ ನೆನಪನ್ನು ಬೆಲೆಗೆ ಸೇರಿಸಿದರೆ ಸರಕು ಮನೆಯಲ್ಲೇ ಉಳಿಯುತ್ತದೆ.

ಇಡುವುದಕ್ಕೂ ಒಂದು ಕ್ರಮ ಬೇಕು. ಮೆತ್ತಗಿನ ಟೈರು ಗಟ್ಟಿ ಪ್ಲಾಸ್ಟಿಕ್ಕಿಗೆ ತಾಗಿಕೊಂಡು ವರ್ಷಗಟ್ಟಲೆ ಇದ್ದರೆ ಆ ಜಾಗ ಕರಗಿದ ಹಾಗೆ ಗುಳಿ ಬೀಳುತ್ತದೆ. ಟೈರಿನ ಪ್ಲಾಸ್ಟಿಕ್ಕನ್ನು ಮೆತ್ತಗೆ ಇಡುವ ಎಣ್ಣೆಯಂಥ ಪದಾರ್ಥ ಹೊರಬಂದು ಪಕ್ಕದ್ದನ್ನು ತಿನ್ನುತ್ತದೆ. ಬಬಲ್ ರ‍್ಯಾಪನ್ನು ನೇರವಾಗಿ ಬಣ್ಣದ ಮೇಲೆ ಸುತ್ತಿಟ್ಟರೂ ಗುಂಡು ಗುಂಡು ಗುರುತು ಉಳಿಯುತ್ತದೆ. ಮೊದಲು ಟಿಶ್ಯೂ ಕಾಗದ, ಅದರ ಮೇಲೆ ಬಬಲ್. ಡಬ್ಬ ಇರುವ ಆಟಿಕೆಗೆ ಎರಡು ರಟ್ಟಿನ ಪೆಟ್ಟಿಗೆ, ನಡುವೆ ಉಂಡೆ ಮಾಡಿದ ಪೇಪರು. ಮುಚ್ಚುವ ಮುಂಚೆ ಒಂದು ವಿಡಿಯೋ. ಒಂದು ಸಲ ಕೊರಿಯರ್‌ನವರು ಮೂಲೆ ಜಜ್ಜಿದ್ದಾಗ ಆ ವಿಡಿಯೋ ನನ್ನನ್ನು ಉಳಿಸಿತು.

ದುಡ್ಡಿನ ಕಡೆ ಬಂದರೆ, ಕೊಳ್ಳುವವರ ಸ್ಕ್ರೀನ್‌ಶಾಟ್ ನಂಬಬೇಡಿ, ಬ್ಯಾಂಕಿನ ಖಾತೆ ನೋಡಿ. 'ದುಡ್ಡು ಕಳಿಸ್ತೀನಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ' ಅಂದರೆ ಅವನು ಕಳ್ಳ. ದುಡ್ಡು ಬರಲು ಯುಪಿಐ ಪಿನ್ ಬೇಕಾಗುವುದೇ ಇಲ್ಲ. ಇನ್ನು ನನ್ನ ಹಗಲಿನ ಕಸುಬಿನ ಮಾತು: ಬೇರೆ ರಾಜ್ಯಕ್ಕೆ ಸರಕು ಮಾರುವುದಾದರೆ ವಹಿವಾಟು ಎಷ್ಟೇ ಚಿಕ್ಕದಿದ್ದರೂ ಜಿಎಸ್‌ಟಿ ನೋಂದಣಿ ಬೇಕು. ವರ್ಷದ ವಹಿವಾಟು 40 ಲಕ್ಷ ದಾಟದಿದ್ದರೆ ನೋಂದಣಿ ಬೇಡ ಅನ್ನುವ ಮಿತಿ ನೋಡಿಕೊಂಡು ಸುಮ್ಮನಿರುವವರು ಇದನ್ನು ಮರೆಯುತ್ತಾರೆ. ಬಳಸಿದ ವಸ್ತುವಿನ ವ್ಯಾಪಾರಕ್ಕೆ ಒಂದು ಅನುಕೂಲವೂ ಇದೆ. ಕೊಂಡಾಗಿನ ತೆರಿಗೆಯನ್ನು ವಾಪಸ್ ಕೇಳದಿದ್ದರೆ, ಕೊಂಡ ಬೆಲೆಗೂ ಮಾರಿದ ಬೆಲೆಗೂ ಇರುವ ವ್ಯತ್ಯಾಸದ ಮೇಲಷ್ಟೇ ತೆರಿಗೆ ಕಟ್ಟಬಹುದು. ಅದಕ್ಕೇ ಗುಜರಿಯಲ್ಲಿ ಇಪ್ಪತ್ತು ರೂಪಾಯಿಗೆ ಕೊಂಡರೂ ಪುಸ್ತಕದಲ್ಲಿ ಬರೆದಿಡುತ್ತೇನೆ.

ಒಂದು ಮಾರಾಟ ಮಾತ್ರ ನಾನು ಒಲ್ಲೆ ಅನ್ನುತ್ತೇನೆ. 'ನಮ್ಮ ಮಗುವಿಗೆ ಆಡೋಕೆ ಬೇಕು' ಅನ್ನುವವರಿಗೆ ಬಣ್ಣ ಬಳಿದ ಹಳೇ ಆಟಿಕೆ ಕೊಡುವುದಿಲ್ಲ. ಆ ಕಾಲದ ಬಣ್ಣದಲ್ಲಿ ಸೀಸ ಇರಬಹುದು, ತಗಡಿನ ಅಂಚು ಕೈ ಕೊಯ್ಯುತ್ತದೆ, ಮಗು ಮೊದಲು ಮಾಡುವುದೇ ಬಾಯಿಗಿಡುವುದು. 2021ರ ಜನವರಿಯಿಂದ ಹೊಸ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ, ಅದನ್ನು ನೋಡಿ ತಗೊಳ್ಳಿ, ಇಲ್ಲದಿದ್ದರೆ ಚನ್ನಪಟ್ಟಣಕ್ಕೆ ಹೋಗಿ ಹಾಲೆ ಮರದ, ಅರಗಿನ ಬಣ್ಣದ ಆಟಿಕೆ ತನ್ನಿ ಅನ್ನುತ್ತೇನೆ. ಇಷ್ಟು ಹೇಳಿದ ಮೇಲೆ ಅರ್ಧ ಜನ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲ ಸಾರ್, ಅದು ನನಗೇ ಬೇಕಾಗಿತ್ತು" ಅಂತ ಒಪ್ಪಿಕೊಳ್ಳುತ್ತಾರೆ. ಅವರಿಗೆ ಕೊಡುತ್ತೇನೆ.