ಅಡಿಕೆ ಟೆಂಡರ್, ಮಾರಿಕಾಂಬಾ ಜಾತ್ರೆ ಮತ್ತು ನನ್ನ ಗೂಗಲ್ ಕೆಲಸ

ಜನ ಗೂಗಲ್‌ನಲ್ಲಿ ಏನು ಹುಡುಕುತ್ತಾರೆ, ಯಾವ ಜಾಹೀರಾತು ಒತ್ತುತ್ತಾರೆ, ಯಾವುದನ್ನು ನೋಡಿಯೂ ನೋಡದ ಹಾಗೆ ಮುಂದೆ ಹೋಗುತ್ತಾರೆ? ಇದನ್ನು ಗಮನಿಸಿ ಗಿರಾಕಿಗಳಿಗೆ ಜಾಹೀರಾತು ಮಾಡಿಕೊಡುವುದೇ ನನ್ನ ಹೊಟ್ಟೆಪಾಡು. ಬರೀ ಹೊಟ್ಟೆಪಾಡಲ್ಲ, ನನಗೆ ಇದು ನಿಜಕ್ಕೂ ಇಷ್ಟ. ಜಾಹೀರಾತಿನ ಒಂದು ಸಾಲು ಬದಲಿಸಿದ್ದಕ್ಕೆ ಅಂಗಡಿಗೆ ಬರುವ ಫೋನ್ ಜಾಸ್ತಿಯಾದರೆ ಯಾರಿಗಾದರೂ ಹೇಳಲೇಬೇಕು ಅನಿಸುತ್ತದೆ. ಆದರೆ ಹೇಳೋದು ಯಾರಿಗೆ? ಶಿರಸಿ ಹತ್ತಿರದ ನಮ್ಮೂರಲ್ಲಿ ಅಪ್ಪನಿಗೆ ತೋಟದ ಚಿಂತೆ, ಆಯಿಗೆ (ಅಮ್ಮನಿಗೆ) ಕೊಟ್ಟಿಗೆಯ ಚಿಂತೆ, ಗೆಳೆಯರಿಗೆ ಅವರವರ ಕೆಲಸ.

ಮೊದಲು ಒಂದು ಅನುಮಾನ ಕಳೆಯಬೇಕಾಯಿತು. ಆನ್‌ಲೈನ್ ಮಾರ್ಕೆಟಿಂಗ್ ಅಂದ ಕೂಡಲೇ ನಮ್ಮ ಕಡೆ ಹಲವರಿಗೆ ನೆನಪಾಗುವುದು ಚೈನ್ ಬಿಸಿನೆಸ್. ಪೌಡರ್ ಡಬ್ಬಿ ಹಿಡಿದು ಮನೆಗೆ ಬಂದ ನೆಂಟರು, ‘ನೀನೂ ಇಬ್ಬರನ್ನ ಸೇರಿಸು’ ಎಂದು ಗಂಟುಬಿದ್ದ ಹಳೇ ಸಹಪಾಠಿ. ಅದರಲ್ಲಿ ದುಡ್ಡು ಕಳಕೊಂಡವರು ಕಡಿಮೆ ಇಲ್ಲ. ಹಾಗಾಗಿ ನಾನು ಹುರುಪಿನಿಂದ ಮಾತು ಶುರು ಮಾಡಿದರೆ, ಇವನು ಕೊನೆಗೆ ಏನನ್ನು ಮಾರುತ್ತಾನೋ ಎಂದು ಕಾಯುತ್ತಾ ಕೂರುತ್ತಾರೆ. ಅವರ ಭಯ ಸರಿಯಾದದ್ದೇ. ಅದಕ್ಕೇ ಮನೆಯವರಿಗೆ, ಗೆಳೆಯರಿಗೆ ನಾನು ಏನನ್ನೂ ಮಾರುವುದಿಲ್ಲ. ಗಿರಾಕಿಗಳ ಜಾಹೀರಾತನ್ನು ಕುಟುಂಬದ ವಾಟ್ಸಾಪ್ ಗ್ರೂಪಿಗೆ ಹಾಕುವುದಿಲ್ಲ. ‘ಲೈಕ್ ಮಾಡಿ, ಶೇರ್ ಮಾಡಿ’ ಎಂದು ಕೇಳುವುದೂ ಇಲ್ಲ. ಕೊಳ್ಳದವರು ಒತ್ತಿದ ಲೈಕಿನಿಂದ ಯಾರು ನಿಜವಾದ ಗಿರಾಕಿ ಎಂಬ ಲೆಕ್ಕವೇ ಕೆಡುತ್ತದೆ, ಅಲ್ವಾ?

ಅಪ್ಪನ ಜೊತೆ ಮಾತು ಹತ್ತಿದ್ದು ಅಡಿಕೆಯಿಂದ. ಅವರು ದಿನಾ ಸಂಜೆ ಮೊಬೈಲ್ ಹಿಡಿದು ಶಿರಸಿ ಅಡಿಕೆ ಧಾರಣೆ ಹುಡುಕುತ್ತಾರೆ. ಅಡಿಕೆಯ ಒಂದೊಂದು ಬಗೆಗೂ ಒಂದೊಂದು ದರ: ರಾಶಿ ಎಷ್ಟು, ಚಾಲಿ ಎಷ್ಟು, ಬೆಟ್ಟೆ, ಕೆಂಪುಗೋಟು ಎಷ್ಟು. ಪಟ್ಟಿಯಲ್ಲಿ ಮೇಲೆ ಕಾಣುವವುಗಳಲ್ಲೇ ಒಂದನ್ನು ಒತ್ತುತ್ತಾರೆ, ಎರಡನೇ ಪುಟಕ್ಕೆ ಹೋಗುವುದೇ ಇಲ್ಲ. ಒಮ್ಮೆ ಪಕ್ಕದಲ್ಲಿ ಕೂತು ಕೇಳಿದೆ: ‘ಅಪ್ಪಾ, ಇಷ್ಟೆಲ್ಲ ಇರುವಾಗ ಇದನ್ನೇ ಯಾಕೆ ಒತ್ತಿದೆ?’ ಅವರು ಯೋಚಿಸಿ, ‘ಇದರಲ್ಲಿ ಇವತ್ತಿನ ತಾರೀಕು ಕಾಣಿಸ್ತು’ ಅಂದರು. ನಾನು ಗಿರಾಕಿಗಳಿಗೆ ಗಂಟೆಗಟ್ಟಲೆ ವಿವರಿಸುವ ವಿಷಯ ಅದೇ. ಹುಡುಕುವವನಿಗೆ ಬೇಕಾದ ಮಾತು ಶೀರ್ಷಿಕೆಯಲ್ಲೇ ಕಂಡರೆ ಅವನು ಒತ್ತುತ್ತಾನೆ.

ಅಲ್ಲಿಂದ ಮಾತು ಜಾಹೀರಾತಿನ ಹರಾಜಿಗೆ ಹೋಯಿತು. ಅಪ್ಪನಿಗೆ ಟೆಂಡರ್ ಗೊತ್ತು. ವ್ಯಾಪಾರಿಗಳು ಬಂದು ಅಡಿಕೆ ಒಡೆದು ನೋಡಿ ತಮ್ಮ ತಮ್ಮ ದರ ಬರೆಯುತ್ತಾರೆ. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ಜಾಸ್ತಿ ಬರೆದವರಿಗೆ ಮಾಲು. ಗೂಗಲ್ ಜಾಹೀರಾತಿನ ಜಾಗವೂ ಹೀಗೇ ಹರಾಜಾಗುತ್ತದೆ, ಅದೂ ಯಾರಾದರೂ ಹುಡುಕಿದ ಆ ಕ್ಷಣದಲ್ಲಿ. ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ. ಅಲ್ಲಿ ದರ ಒಂದೇ ಸಾಲದು. ಜನ ಆ ಜಾಹೀರಾತು ಒತ್ತುವ ಸಾಧ್ಯತೆ ಎಷ್ಟು, ಹುಡುಕಿದ್ದಕ್ಕೂ ಜಾಹೀರಾತಿಗೂ ಸಂಬಂಧ ಇದೆಯಾ, ಒತ್ತಿದ ಮೇಲೆ ತೆರೆಯುವ ಪುಟ ಉಪಯೋಗಕ್ಕೆ ಬರುತ್ತದಾ ಎಂಬುದನ್ನೂ ನೋಡುತ್ತಾರೆ. ಒಂದು ಕ್ಲಿಕ್ಕಿಗೆ 20 ರೂಪಾಯಿ ಬರೆದವನ ಜಾಹೀರಾತು ಕಳಪೆಯಾಗಿದ್ದರೆ, 12 ರೂಪಾಯಿ ಬರೆದವನು ಅವನ ಮೇಲೆ ಕೂರಬಹುದು. ಗೆದ್ದವನು ಬರೆದಷ್ಟೂ ಕೊಡಬೇಕೆಂದಿಲ್ಲ. ಕೆಳಗಿನವನನ್ನು ಮೀರಲು ಎಷ್ಟು ಬೇಕೋ ಅಷ್ಟು ಸಾಕು. ಯಾರೂ ಒತ್ತದಿದ್ದರೆ ಕ್ಲಿಕ್ಕಿನ ದುಡ್ಡೂ ಇಲ್ಲ.

‘ಹಂಗಾರೆ ತಮಾ, ಕಡಿಮೆ ಬರೆದವಂಗೂ ಜಾಗ ಸಿಗ್ತಾ?’ ಎಂದು ಅಪ್ಪ ಎದ್ದು ಕೂತರು. ದರ ಬರೆಯುವವರ ಎದುರು ಇಡೀ ಜೀವನ ಕಾದವರು ಅವರು. ಇದರಲ್ಲಿ ಏನು ಮುಖ್ಯ ಎಂದು ನನಗಿಂತ ಬೇಗ ಅವರಿಗೆ ಹೊಳೆಯಿತು. ಈಗ ಅಡಿಕೆ ಸುಲಿಯುವ ಯಂತ್ರ ಹುಡುಕುವಾಗ ಮೇಲೆ ‘ಸ್ಪಾನ್ಸರ್ಡ್’ (ಅಂದರೆ ಜಾಹೀರಾತು) ಎಂದಿದೆಯಾ ಎಂದು ನೋಡಿಯೇ ಮುಂದೆ ಹೋಗುತ್ತಾರೆ. ಆ ಕಂಪನಿಯ ಜಾಹೀರಾತು ಯಾಕೆ ಮೇಲೆ ಬಂತು ಎಂದು ಫೋನ್ ಮಾಡಿ ಕೇಳುತ್ತಾರೆ.

ಆಯಿಗೆ ತೋರಿಸಿದ್ದು ಬೇರೆಯೇ. ಶಿರಸಿ ಮಾರಿಕಾಂಬಾ ಜಾತ್ರೆ ನಡೆಯುವುದು ಎರಡು ವರ್ಷಕ್ಕೊಮ್ಮೆ. ಒಂದು ಪದವನ್ನು ಜನ ಯಾವಾಗ ಹೆಚ್ಚು, ಯಾವಾಗ ಕಡಿಮೆ ಹುಡುಕಿದರು ಎಂದು ಗೆರೆ ಎಳೆದು ತೋರಿಸುವ ಗೂಗಲ್ ಟ್ರೆಂಡ್ಸ್‌ನಲ್ಲಿ ಜಾತ್ರೆಯ ಹೆಸರು ಹಾಕಿದೆ. ಮಲಗಿದ್ದ ಗೆರೆ 2022ರ ಮಾರ್ಚ್‌ನಲ್ಲಿ ಎದ್ದು, ಮತ್ತೆ 2024ರ ಮಾರ್ಚ್‌ನಲ್ಲಿ ಎದ್ದಿತ್ತು. ಅಲ್ಲಿ 100 ಎಂದು ಕಂಡರೆ ನೂರು ಜನ ಎಂದಲ್ಲ. ಅತಿ ಹೆಚ್ಚು ಹುಡುಕಿದ ಹೊತ್ತಿಗೆ 100 ಕೊಟ್ಟು, ಉಳಿದದ್ದನ್ನು ಅದಕ್ಕೆ ಹೋಲಿಸಿ ತೋರಿಸುತ್ತಾರೆ. ಆಯಿಗೆ ಲೆಕ್ಕ ಬೇಕಿರಲಿಲ್ಲ. ‘ನಮ್ಮ ಅಮ್ಮನ ಜಾತ್ರೆ ಇದರಲ್ಲೂ ಗೊತ್ತಾಗ್ತಲ್ಲ’ ಎಂದು ಖುಷಿಪಟ್ಟರು. ಆಮೇಲೆ ತಾವೇ, ಜಾತ್ರೆ ನಡೆಯುವ ಬಿಡಕಿಬೈಲಿನ ಬಳೆ ಅಂಗಡಿಯವರು ಜಾತ್ರೆ ಶುರುವಾದ ಮೇಲೆ ಮಾಲು ತರಲು ಹೋಗುವುದಿಲ್ಲ ಎಂದರು. ಸೀಸನ್ ವ್ಯಾಪಾರಕ್ಕೆ ಜಾಹೀರಾತು ಯಾವಾಗ ಶುರು ಮಾಡಬೇಕು ಎಂಬುದಕ್ಕೆ ಇದಕ್ಕಿಂತ ಚೆನ್ನಾದ ಮಾತು ನನಗೆ ಗೊತ್ತಿಲ್ಲ.

ಹೋಂಸ್ಟೇ ನಡೆಸುವ ಗೆಳೆಯನಿಗೆ ಇದ್ಯಾವುದೂ ಬೇಡ. ಅವನ ತೊಂದರೆ ಒಂದೇ: ಮ್ಯಾಪ್‌ನಲ್ಲಿ ಗುರುತು ತಪ್ಪಿ, ಬರುವ ಜನ ಬೇರೆಯವರ ತೋಟಕ್ಕೆ ಕಾರು ನುಗ್ಗಿಸುತ್ತಿದ್ದರು. ಗೂಗಲ್‌ನಲ್ಲಿ ಅವನ ಹೋಂಸ್ಟೇಯ ವಿವರ ಇರುವ ಬಿಸಿನೆಸ್ ಪ್ರೊಫೈಲ್ ತೆರೆದು ಗುರುತು ಸರಿಪಡಿಸಿದೆವು. ಅದಕ್ಕೆ ದುಡ್ಡು ಬೇಡ. ರಿವ್ಯೂ, ಫೋಟೊಗಳ ಬಗ್ಗೆ ಅವನೇ ಆಮೇಲೆ ಕೇಳಿದ. ಕೇಳಿದಷ್ಟೇ ಹೇಳಿದೆ. ಇದು ನನಗೆ ಕಷ್ಟದ ಕೆಲಸ, ಆದರೆ ಅಷ್ಟಕ್ಕೆ ನಿಲ್ಲಿಸಿದ್ದರಿಂದಲೇ ಅವನು ಮತ್ತೆ ಕೇಳುತ್ತಾನೆ.

ತಂಗಿಗೆ ಇಂದಿಗೂ ಇದರಲ್ಲಿ ಆಸಕ್ತಿ ಇಲ್ಲ. ಇರಲಿ. ಅವಳ ಹತ್ತಿರ ಅವಳ ಶಾಲೆಯ ಮಾತಾಡುತ್ತೇನೆ. ಹರಟಿದಷ್ಟೂ ಮುಗಿಯದ ಮಾತಿಗೆ ಇದೇ ಕೆಲಸದ ಇಬ್ಬರು ಗೆಳೆಯರಿದ್ದಾರೆ. ಜಾಹೀರಾತಿನ ಪ್ರಯೋಗಗಳ ಕಥೆಯೆಲ್ಲ ಅವರ ಜೊತೆ.

ಆಸಕ್ತಿ ಇಲ್ಲದವರಿಂದ ನನ್ನ ಕೆಲಸಕ್ಕೆ ದೊಡ್ಡ ಉಪಕಾರವೂ ಆಗಿದೆ. ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ ಮಾರುವ ಒಬ್ಬರ ಪುಟ ತಯಾರಾದಾಗ ಮೊಬೈಲನ್ನು ಅತ್ತೆಯ ಕೈಗೆ ಕೊಟ್ಟೆ. ‘ಇದರಲ್ಲಿ ಒಂದು ಕಟ್ಟು ಹಪ್ಪಳ ತರಿಸಬೇಕು, ಹೇಗೆ ಮಾಡ್ತೀರಿ ನೋಡೋಣ’ ಎಂದು ಹೇಳಿ ಸುಮ್ನೆ ಕೂತೆ. ನಡುವೆ ಬಾಯಿ ಹಾಕಬಾರದು, ಇದು ಮುಖ್ಯ. ಅತ್ತೆ ಬೆಲೆಯವರೆಗೆ ಸರಾಗವಾಗಿ ಹೋದರು. ಅಲ್ಲೇ ನಿಂತು, ‘ಕಳಿಸೋಕೆ ಎಷ್ಟು ತಗೊಳ್ತಾರೆ, ಬರೆದೇ ಇಲ್ವಲ್ಲ’ ಅಂದರು. ಕೊರಿಯರ್ ಖರ್ಚು ಕಾಣುತ್ತಿದ್ದದ್ದು ವಿಳಾಸ, ಫೋನ್ ನಂಬರ್ ಎಲ್ಲ ತುಂಬಿದ ಮೇಲೆ. ಅದನ್ನು ಬೆಲೆಯ ಪಕ್ಕಕ್ಕೇ ತಂದೆವು.

ಬೇರೆಯವರೂ ಅಲ್ಲೇ ಬಿಟ್ಟು ಹೋಗುತ್ತಿದ್ದರಾ ಎಂದು ಅತ್ತೆ ಕೇಳಿದರು. ಯಾವ ಹಂತದಲ್ಲಿ ಎಷ್ಟು ಜನ ಹಿಂದೆ ಸರಿದರು ಎಂಬ ಲೆಕ್ಕವನ್ನು ಲ್ಯಾಪ್‌ಟಾಪಿನಲ್ಲಿ ತೆರೆದು ತೋರಿಸಿದೆ. ಕನ್ನಡಕ ಹಾಕಿಕೊಂಡು ಪೂರ್ತಿ ನೋಡಿದರು. ಈಗ ಹೊಸ ಪುಟ ಯಾವುದೇ ಇರಲಿ, ಮೊದಲು ಹೋಗುವುದು ಅವರ ಮೊಬೈಲಿಗೆ.